ಕವಣೆಗೆ ತಕ್ಕ ಕಲ್ಲು: ಹಗುರ ರಿವಾಲ್ವರ್ ಕೊಂಡ ಅಳಿಯನಿಗೆ ಬಹಿರಂಗ ಪತ್ರ

ಉರುಕುಂದ

ಚಿರಂಜೀವಿ ಅಳಿಯನಿಗೆ,

ಶ್ರಾವಣ ಹತ್ತಿರ ಬಂತು. ನಮ್ಮೂರ ಈರಣ್ಣ ಸ್ವಾಮಿಯ ದರ್ಶನಕ್ಕೆ ರಾಯಚೂರು, ಬಳ್ಳಾರಿ ಕಡೆಯ ಮಂದಿ ಬಂದಿಳಿಯುವ ದಿನಗಳು. ಮನೆಗೆ ಸುಣ್ಣ ಬಳಿಸುತ್ತಿದ್ದಾಗ ನಿನ್ನ ಫೋನ್ ಬಂತು. ಅಮೆರಿಕದಲ್ಲಿ ಕರಡಿ ಓಡಾಡುವ ಬೆಟ್ಟಗಳಿಗೆ ಗೆಳೆಯರ ಜತೆ ಹೋಗುತ್ತೀಯ, ಅದಕ್ಕೆಂದು .44 ಮ್ಯಾಗ್ನಮ್ ರಿವಾಲ್ವರ್ ಕೊಂಡಿದ್ದೀಯ, ತೂಕ ಬರೀ 710 ಗ್ರಾಂ, ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ಜೋರಾದ ತೋಟಾ ತಂದಿದ್ದೀಯ ಅಂದೆ. ಎರಡು ಈಡು ಹೊಡೆಯುವಷ್ಟರಲ್ಲಿ ಅಂಗೈ ಊದಿತು, ಉಳಿದದ್ದನ್ನು ಡಬ್ಬಿಯಲ್ಲೇ ಇಟ್ಟೆ ಅಂತಲೂ ಅಂದೆ. ಆ ಕೊನೆಯ ಮಾತು ನನ್ನ ನಿದ್ದೆ ಕೆಡಿಸಿತು.

ಸೇನೆಯಲ್ಲಿ ಬಂದೂಕು ಬಿಚ್ಚಿ ಜೋಡಿಸುವ ಕೆಲಸದಲ್ಲೇ ನನ್ನ ಅರ್ಧ ಆಯುಷ್ಯ ಕಳೆಯಿತು. ನಿನ್ನ ಹಾಗೆಯೇ ಅಮೆರಿಕದಲ್ಲಿ ನೆಲೆಸಿದ ನಮ್ಮ ಹುಡುಗರು ಎಷ್ಟೋ ಜನ. ನಿನಗೆ ಹೇಳುವುದನ್ನು ಅವರೂ ಓದಲಿ ಅಂತ ಪತ್ರಿಕೆಯ ಮೂಲಕವೇ ಬರೆಯುತ್ತಿದ್ದೇನೆ.

ನಮ್ಮ ಜೋಳದ ಹೊಲದ ಮಂಚಿಕೆ ನೆನಪಿದೆಯಾ? ಬೇಸಿಗೆ ರಜೆಯಲ್ಲಿ ಅದರ ಮೇಲೆ ಹತ್ತಿಸಿ ನಿನಗೆ ಕವಣೆ ಬೀಸಲು ಕಲಿಸಿದ್ದು ನಾನೇ. ನಿನ್ನ ಆಗಿನ ವಯಸ್ಸಿನಲ್ಲಿದ್ದಾಗ ನಾನೂ ಆ ಚಿಕ್ಕ ಕವಣೆಗೆ ಮುಷ್ಟಿಯಷ್ಟು ದೊಡ್ಡ ಕಲ್ಲು ಹಾಕಿ ಬೀಸಿದ್ದೆ. ದಾರ ಹರಿಯಿತು, ಭುಜ ಉಳುಕಿತು, ಹಕ್ಕಿ ತೆನೆಯ ಮೇಲೇ ಕೂತಿತ್ತು. ನಮ್ಮ ಅಪ್ಪ ಬೈಯಲಿಲ್ಲ. ನೆಲದಿಂದ ನಿಂಬೆಹಣ್ಣಿನ ಗಾತ್ರದ ಕಲ್ಲುಗಳನ್ನು ಆರಿಸಿ ನನ್ನ ಉಡಿಗೆ ತುಂಬಿದರು. ಸಂಜೆಯವರೆಗೆ ಬೀಸಿದೆ, ಒಂದು ಹಕ್ಕಿಯೂ ಇಳಿಯಲಿಲ್ಲ. ನಿನ್ನ ರಿವಾಲ್ವರಿನದೂ ಇದೇ ಲೆಕ್ಕ.

ಈಗ ಅಂಕಿ ನೋಡು. ನೀನು ತಂದ ತೋಟಾದಲ್ಲಿ ಗುಂಡಿನ ತೂಕ 240 ಗ್ರೇನ್, ಅಂದರೆ ಹದಿನೈದೂವರೆ ಗ್ರಾಂ. ಅದು ಸೆಕೆಂಡಿಗೆ ಸುಮಾರು 410 ಮೀಟರ್ ವೇಗದಲ್ಲಿ ಹೊರಡುತ್ತದೆ. ಗುಂಡೂ ಮದ್ದಿನ ಹೊಗೆಯೂ ಮುಂದಕ್ಕೆ ಎಷ್ಟು ಜೋರಾಗಿ ಹೋಗುತ್ತವೆಯೋ ರಿವಾಲ್ವರ್ ಅಷ್ಟೇ ಜೋರಾಗಿ ಹಿಂದಕ್ಕೆ ಒದೆಯುತ್ತದೆ. 1.3 ಕಿಲೋ ತೂಗುವ ಹಳೆಯ ಉಕ್ಕಿನ ರಿವಾಲ್ವರಿನಲ್ಲಿ ಆ ಒದೆತದ ಶಕ್ತಿ ನನ್ನ ಲೆಕ್ಕಕ್ಕೆ 26 ಜೂಲ್ ಬರುತ್ತದೆ. ನಿನ್ನ 710 ಗ್ರಾಮಿನದರಲ್ಲಿ ಅದೇ ತೋಟಾಕ್ಕೆ 47 ಜೂಲ್: ಒಂದು ಕಿಲೋ ಕಲ್ಲು ಹದಿನೈದು ಅಡಿ ಮೇಲಿಂದ ಬಿದ್ದಾಗಿನ ಪೆಟ್ಟು. ತೂಕ ಅರ್ಧಕ್ಕೆ ಇಳಿದರೆ ಒದೆತ ಎರಡು ಪಟ್ಟು ಏರುತ್ತದೆ. ಹೆಗಲ ಚೀಲದಲ್ಲಿ ಉಳಿಸಿದ ಭಾರವನ್ನು ಅಂಗೈ ತೆತ್ತಿದೆ.

.44 ಮ್ಯಾಗ್ನಮ್ ಬಂದದ್ದು 1955-56ರಲ್ಲಿ. ಇಡಾಹೊದ ಎಲ್ಮರ್ ಕೀತ್ ಎಂಬಾತ ವರ್ಷಗಟ್ಟಲೆ ಹಟ ಹಿಡಿದು ಕೇಳಿದ ಮೇಲೆ ರೆಮಿಂಗ್ಟನ್ ತೋಟಾ ಮಾಡಿತು, ಸ್ಮಿತ್ ಅಂಡ್ ವೆಸನ್ ರಿವಾಲ್ವರ್ ಮಾಡಿತು. ಆಗ ಅದನ್ನು ತುಂಬಿದ್ದು ದಪ್ಪ ಉಕ್ಕಿನ ದೊಡ್ಡ ಆಯುಧಕ್ಕೆ. ಹಗುರ ಲೋಹದ ಮೈ, ಟೈಟಾನಿಯಂ ಸಿಲಿಂಡರ್ ಬಂದದ್ದು ಎಷ್ಟೋ ದಶಕಗಳ ನಂತರ. ಲೋಹ ಬದಲಾಯಿತು, ಮನುಷ್ಯನ ಮಣಿಕಟ್ಟು ಮಾತ್ರ ಅಂದಿನದೇ.

ಸೇನೆಗಳು ಈ ಪಾಠವನ್ನು ಹಿಂದೆಯೇ ಕಲಿತವು. ಬ್ರಿಟಿಷರು 1887ರಿಂದ .455 ವೆಬ್ಲಿ ರಿವಾಲ್ವರ್ ಇಟ್ಟುಕೊಂಡಿದ್ದರು. ಅದರ ಗುಂಡು ಹದಿನೇಳು ಗ್ರಾಂ, ವೇಗ ಕಡಿಮೆ, 1915ರ ಮಾದರಿಯ ತೂಕ ಸುಮಾರು 1.1 ಕಿಲೋ. ಅಷ್ಟಾದರೂ ಮೊದಲ ಮಹಾಯುದ್ಧದ ಬಳಿಕ, ಹೊಸಬರಿಗೆ ಬೇಗ ಕಲಿಸುವುದು ಇದರಲ್ಲಿ ಕಷ್ಟ ಅಂತ ತೀರ್ಮಾನಿಸಿದರು. 1932ರಲ್ಲಿ .38ರ ಎನ್‌ಫೀಲ್ಡ್ ರಿವಾಲ್ವರ್ ಬಂತು. ಜೋರಾದ ಗುಂಡು ಗುರಿ ತಪ್ಪುವುದಕ್ಕಿಂತ ಮೆತ್ತನೆಯದು ಗುರಿಗೆ ಬೀಳುವುದು ಅವರಿಗೆ ಹೆಚ್ಚು ಬೇಕಾಗಿತ್ತು.

ಹಾಗಾದರೆ ನೀನು ಏನು ತುಂಬಬೇಕು? ಮೊದಲು .44 ಸ್ಪೆಷಲ್ ತಾ. ಅದು 1907ರಷ್ಟು ಹಳೆಯದು, ಮ್ಯಾಗ್ನಮ್‌ಗಿಂತ ಮೂರು ಮಿಲಿಮೀಟರ್ ಗಿಡ್ಡ, ನಿನ್ನ ಸಿಲಿಂಡರಿನಲ್ಲಿ ಸರಿಯಾಗಿ ಕೂರುತ್ತದೆ. ಮ್ಯಾಗ್ನಮ್ ತೋಟಾ ಮಾತ್ರ ಸ್ಪೆಷಲ್ ರಿವಾಲ್ವರಿಗೆ ಹೋಗುವುದಿಲ್ಲ. ಅಷ್ಟು ಜೋರು ತಡೆಯದ ಹಳೆಯ ರಿವಾಲ್ವರಿಗೆ ಯಾರೂ ತುಂಬದಿರಲಿ ಅಂತಲೇ ಅದನ್ನು ಉದ್ದ ಮಾಡಿದ್ದು. ಸೆಕೆಂಡಿಗೆ 230 ಮೀಟರಿನ ಹಳೆಯ ಸ್ಪೆಷಲ್ ತೋಟಾಕ್ಕೆ ನಿನ್ನ ಕೈಗೆ ಬೀಳುವ ಒದೆತ ಸುಮಾರು 12 ಜೂಲ್. ಅದರಲ್ಲಿ ಕಣ್ಣು ಮುಚ್ಚದೆ, ಮಣಿಕಟ್ಟು ಬಿಗಿಯದೆ ಟ್ರಿಗರ್ ಎಳೆಯುವುದನ್ನು ಕಲಿ. ಸ್ಪೆಷಲ್ ಹೊಡೆದ ಮೇಲೆ ಸಿಲಿಂಡರಿನ ಒಳಗೆ ಮಸಿಯ ಉಂಗುರ ಕಟ್ಟುತ್ತದೆ. ಒರೆಸದಿದ್ದರೆ ಆಮೇಲೆ ಮ್ಯಾಗ್ನಮ್ ತೋಟಾದ ಖಾಲಿ ಕೊಳವೆ ಹೊರಬರಲು ಹಟ ಮಾಡುತ್ತದೆ. ಟೈಟಾನಿಯಂ ಸಿಲಿಂಡರನ್ನು ಒರಟಾಗಿ ಉಜ್ಜಬೇಡ, ತಯಾರಕರು ಹೇಳಿದ ಹಾಗೆಯೇ ಒರೆಸು.

ಕಾಡಿಗೆ ಒಯ್ಯಲು ಎರಡರ ನಡುವಿನದನ್ನು ಹುಡುಕು: 240-250 ಗ್ರೇನಿನ ಗಟ್ಟಿ ಗುಂಡು, ಸೆಕೆಂಡಿಗೆ 280-300 ಮೀಟರ್. ಗಟ್ಟಿಯಾಗಿ ಎರಕ ಹೊಯ್ದ, ಚಪ್ಪಟೆ ಮೂತಿಯ ಗುಂಡು ದಪ್ಪ ಚರ್ಮ, ಎಲುಬು ದಾಟಿ ಆಳಕ್ಕೆ ಹೋಗುತ್ತದೆ. ಅದಕ್ಕೆ ಅತಿ ವೇಗ ಬೇಕಿಲ್ಲ. ಆದರೆ 300 ಗ್ರೇನಿನದನ್ನು ನಿನ್ನ ಹಗುರ ರಿವಾಲ್ವರಿಗೆ ತುಂಬಬೇಡ. ಕಾರಣ ಅಂಗೈ ನೋವೊಂದೇ ಅಲ್ಲ.

ರಿವಾಲ್ವರ್ ಥಟ್ಟನೆ ಹಿಂದಕ್ಕೆ ಜಿಗಿದಾಗ ಸಿಲಿಂಡರಿನಲ್ಲಿ ಉಳಿದ ತೋಟಾಗಳೂ ಅದರ ಜತೆ ಜಿಗಿಯುತ್ತವೆ. ಅವುಗಳ ಬಾಯಲ್ಲಿರುವ ಗುಂಡು ಮಾತ್ರ ಭಾರಕ್ಕೆ ಅಲ್ಲೇ ನಿಲ್ಲಲು ನೋಡುತ್ತದೆ. ಬಾಯಿ ಬಿಗಿಯಾಗಿ ಒತ್ತಿರದಿದ್ದರೆ ಗುಂಡು ಕೂದಲೆಳೆಯಷ್ಟು ಮುಂದೆ ಸರಿದು, ಸಿಲಿಂಡರಿನಿಂದ ಮೂತಿ ಹೊರಹಾಕಿ ಚೌಕಟ್ಟಿಗೆ ತಾಗುತ್ತದೆ. ಅಲ್ಲಿಗೆ ಸಿಲಿಂಡರ್ ತಿರುಗುವುದಿಲ್ಲ, ಕೈಯಲ್ಲಿ ಉಳಿಯುವುದು ಬರೀ ಕಬ್ಬಿಣ. ಗುಂಡು ಭಾರವಾದಷ್ಟೂ ಆಯುಧ ಹಗುರವಾದಷ್ಟೂ ಈ ತೊಂದರೆ ಹೆಚ್ಚು. ಪರೀಕ್ಷೆ ಸುಲಭ. ಆರು ತುಂಬು, ಆರನೆಯದರ ಉದ್ದವನ್ನು ಕ್ಯಾಲಿಪರ್‌ನಲ್ಲಿ ಮೊದಲೇ ಅಳೆದಿಡು, ಐದು ಹೊಡೆ, ಆರನೆಯದನ್ನು ತೆಗೆದು ಮತ್ತೆ ಅಳೆ. ಉದ್ದ ಬೆಳೆದಿದ್ದರೆ ಆ ತೋಟಾ ನಿನ್ನ ರಿವಾಲ್ವರಿಗೆ ತಕ್ಕದ್ದಲ್ಲ. ಕೈಪಿಡಿಯಲ್ಲೋ ನಳಿಗೆಯ ಮೇಲೋ ಗುಂಡಿನ ತೂಕದ ಮಿತಿ ಬರೆದಿದ್ದರೆ ಅದನ್ನು ಮೀರಬೇಡ.

ಕರಡಿಯ ವಿಷಯಕ್ಕೆ ಬರೋಣ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಬರುವ ಪ್ರಾಣಿ ಮೂವತ್ತು ಮೀಟರನ್ನು ಎರಡೇ ಸೆಕೆಂಡಿನಲ್ಲಿ ದಾಟುತ್ತದೆ. ಮೊದಲ ಈಡಿಗೇ ರಿವಾಲ್ವರ್ ಆಕಾಶ ನೋಡಿದರೆ ಎರಡನೆಯದಕ್ಕೆ ಹೊತ್ತೆಲ್ಲಿದೆ? ಅಲಾಸ್ಕಾದ ಘಟನೆಗಳನ್ನು ಕೂಡಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಖಾರದ ಸ್ಪ್ರೇ ಹೊಡೆದಾಗ ಕಂದು ಕರಡಿಗಳು ನೂರಕ್ಕೆ 92 ಸಲ ಹಿಮ್ಮೆಟ್ಟಿದ್ದವು. ಅದರಲ್ಲಿರುವುದು ನಮ್ಮ ಮೆಣಸಿನಕಾಯಿಯದೇ ಖಾರ. ಮೊದಲು ಅದು ಸೊಂಟದಲ್ಲಿರಲಿ, ರಿವಾಲ್ವರ್ ಆಮೇಲಿನ ಮಾತು. ಅಲ್ಲಿನ ರಾಷ್ಟ್ರೀಯ ಉದ್ಯಾನಗಳಲ್ಲಿ 2010ರಿಂದ ಆಯಾ ರಾಜ್ಯದ ಕಾನೂನಿನಂತೆ ಆಯುಧ ಒಯ್ಯಬಹುದಾದರೂ ಗುಂಡು ಹಾರಿಸುವುದಕ್ಕೆ ಸಾಮಾನ್ಯವಾಗಿ ನಿಷೇಧವಿದೆ.

ನಿನಗೆ ಗ್ರೀನ್ ಕಾರ್ಡ್ ಇದೆ. ಎಚ್-1ಬಿ ವೀಸಾದಲ್ಲಿರುವ ನಿನ್ನ ಗೆಳೆಯರಿಗೆ ಒಂದು ಮಾತು ತಿಳಿಸು. ಬೇಟೆಯ ಪರವಾನಗಿಯಂಥ ವಿನಾಯಿತಿ ಇಲ್ಲದೆ ಅವರ ಬಳಿ ಆಯುಧವಾಗಲಿ ಒಂದು ತೋಟಾವಾಗಲಿ ಇರುವುದು ಅಲ್ಲಿನ ಕೇಂದ್ರ ಕಾನೂನಿಗೆ ವಿರುದ್ಧ. ಗೆಳೆಯನ ರಿವಾಲ್ವರನ್ನು ಎರವಲು ತಂದಿಟ್ಟುಕೊಂಡರೂ ಅಪರಾಧವೇ.

ಇಲ್ಲಿ ನಮ್ಮ ಸೀಮೆಯಲ್ಲಿ ಲೈಸೆನ್ಸ್ ಇರುವವರಿಗೂ ಆಯುಧಕ್ಕೆ ತಕ್ಕ ತೋಟಾ, ಕೈಗೆ ಅಭ್ಯಾಸ ಎಂಬ ಮಾತು ಸಲ್ಲುತ್ತದೆ. ಸೈನ್ಯದ .455 ತೋಟಾ ನಮ್ಮ ಕಾನೂನಿನಲ್ಲಿ ನಿಷಿದ್ಧ ಬೋರ್. ಸಾಮಾನ್ಯರಿಗೆ ಸಿಗುವ ರಿವಾಲ್ವರ್ ಹೆಚ್ಚಾಗಿ .32. 2014ರಲ್ಲಿ ಕಾನ್ಪುರದಲ್ಲಿ ಹೊರತಂದ ಅರ್ಧ ಕಿಲೋದ ನಿರ್ಭೀಕ್ ರಿವಾಲ್ವರ್ ಕೂಡ .32 ಆದದ್ದರಿಂದಲೇ ಆ ತೂಕದಲ್ಲಿ ಕೈಗೆ ಒಗ್ಗುತ್ತದೆ. ಆದರೆ ಕೊಂಡ ಮೇಲೆ ಒಂದು ಸಲವೂ ಅಭ್ಯಾಸ ಮಾಡದೆ ಬೀರುವಿನಲ್ಲಿಟ್ಟವರೂ ಇದ್ದಾರೆ, ಮದುವೆ ಮೆರವಣಿಗೆಯಲ್ಲಿ ಆಕಾಶಕ್ಕೆ ಹಾರಿಸುವವರೂ ಇದ್ದಾರೆ. ಹಾಗೆ ಹಾರಿಸಿ ಜನರ ಜೀವಕ್ಕೆ ಅಪಾಯ ತಂದರೆ ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯಂತೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಮೇಲಕ್ಕೆ ಹೋದ ಗುಂಡು ಯಾರದೋ ಮಾಳಿಗೆಯ ಮೇಲೆ ಇಳಿಯಲೇಬೇಕು.

ಇನ್ನೆರಡು ಮಾತು. ಮ್ಯಾಗ್ನಮ್ ಸದ್ದು 160 ಡೆಸಿಬೆಲ್ ದಾಟುತ್ತದೆ. ಕಿವಿಗೆ ರಕ್ಷಣೆ ಇಲ್ಲದೆ ಒಂದೇ ಒಂದು ಈಡನ್ನೂ ಅಭ್ಯಾಸಕ್ಕೆ ಹೊಡೆಯಬೇಡ. ಮನೆಯಲ್ಲಿ ಸಣ್ಣ ಮಗುವಿದೆ. ರಿವಾಲ್ವರ್ ಬೇರೆ, ತೋಟಾ ಬೇರೆ, ಎರಡಕ್ಕೂ ಬೀಗ.

ಮುಂದಿನ ಸಲ ಫೋನ್ ಮಾಡಿದಾಗ ತೋಟಾ ಎಷ್ಟು ಜೋರು ಅಂತ ಹೇಳಬೇಡ. ಹತ್ತು ಮೀಟರಿನಲ್ಲಿ ಊಟದ ತಟ್ಟೆಯಷ್ಟು ದೊಡ್ಡ ಗುರಿ ಇಟ್ಟು, ಒಂದರ ಹಿಂದೆ ಒಂದರಂತೆ ಐದು ಹೊಡೆ. ಐದೂ ತಟ್ಟೆಯೊಳಗೆ ಬೀಳುವ ತೋಟಾ ಯಾವುದೋ ಅದನ್ನೇ ಕಾಡಿಗೆ ಒಯ್ಯಿ. ಐದನೆಯದು ಎಲ್ಲಿ ಬಿತ್ತು ಅಂತ ನನಗೆ ತಿಳಿಸು.

ಇಂತಿ ನಿನ್ನ ಸೋದರಮಾವ