ಹೊಂಡಕ್ಕೊಂದು ಎಂಟ್ರಿ ಫೀ

ಸ್ವಿಟ್ಜರ್ಲೆಂಡಿನ ಏಗ್ಲ್ ಎಂಬ ಊರಿನಲ್ಲಿ ಕಚೇರಿ ಹೂಡಿಕೊಂಡು ಕೂತಿರುವ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದವರು ಮೌಂಟನ್ ಬೈಕ್ ರೇಸಿನ ಹಾದಿ ಹೇಗಿರಬೇಕೆಂದು ಕಟ್ಟುನಿಟ್ಟಾಗಿ ಬರೆದಿಟ್ಟಿದ್ದಾರೆ. ಕ್ರಾಸ್ ಕಂಟ್ರಿ ರೇಸಿನಲ್ಲಿ ಡಾಂಬರು ಕಂಡ ಭಾಗ ಒಟ್ಟು ಹಾದಿಯ ಶೇ. 15 ಮೀರುವಂತಿಲ್ಲ. ಬೆಂಗಳೂರಿನ ನಮ್ಮ ಬಡಾವಣೆಯ ಮುಖ್ಯರಸ್ತೆ ಈ ನಿಯಮವನ್ನು ಮುರಿದದ್ದನ್ನು ನಾನಂತೂ ಕಂಡಿಲ್ಲ.

ಬೇರೆ ದೇಶಗಳಲ್ಲಿ ಟ್ರ್ಯಾಕ್ ಡಿಸೈನರ್ ಎಂಬವನನ್ನು ಕರೆಸಿ, ದುಡ್ಡು ಸುರಿದು, ಬಂಡೆಗಳನ್ನು ಬೇಕೆಂದೇ ಅಡ್ಡಾದಿಡ್ಡಿ ಜೋಡಿಸಿ ‘ರಾಕ್ ಗಾರ್ಡನ್’ ಮಾಡಿಸುತ್ತಾರೆ. ನಮ್ಮಲ್ಲಿ ಗುತ್ತಿಗೆದಾರ ಒಂದು ಲೋಡು ಜಲ್ಲಿ ಇಳಿಸಿ, ಬಿಲ್ಲು ಪಾಸಾಗುವ ತನಕ ಫೋನ್ ಎತ್ತದಿದ್ದರೆ ಅದು ತಾನಾಗಿಯೇ ಸಿದ್ಧ. ಸೈಕಲ್ ಸಮೇತ ಥಟ್ಟನೆ ಕೆಳಕ್ಕೆ ಧುಮುಕುವ ಜಾಗಕ್ಕೆ ‘ಡ್ರಾಪ್’ ಎನ್ನುತ್ತಾರೆ. ನಾವು ಅದನ್ನು ಮ್ಯಾನ್‌ಹೋಲ್ ಎನ್ನುತ್ತೇವೆ, ಮುಚ್ಚಳ ಯಾರ ಮನೆಯಲ್ಲಿದೆಯೋ ಗೊತ್ತಿಲ್ಲ. ಸಾಲುಸಾಲು ಉಬ್ಬುಗಳ ‘ಪಂಪ್ ಟ್ರ್ಯಾಕ್’ ಬೇಕಾದರೆ ಶಾಲೆ, ದೇವಸ್ಥಾನ, ಮಾಜಿ ಕಾರ್ಪೊರೇಟರ ಮನೆ, ಈ ಮೂರರ ಮುಂದೆ ಹಾದುಹೋದರಾಯಿತು. ಒಂದೇ ಚಕ್ರದಷ್ಟು ಅಗಲದ ಹಲಗೆಯ ಮೇಲೆ ದಾಟುವ ಕಸರತ್ತಿಗೂ ಅವರಲ್ಲಿ ಹೆಸರಿದೆ, ತರಬೇತಿಯಿದೆ. ಚರಂಡಿ ಅಗೆದಿಟ್ಟಿರುವ ನಮ್ಮ ಬೀದಿಯಲ್ಲಿ ಎಂಬತ್ತು ದಾಟಿದ ಅಜ್ಜಿಯೂ ಬೆಳಿಗ್ಗೆ ಹಾಲಿನ ಪ್ಯಾಕೆಟ್ ಹಿಡಿದು ಅದನ್ನೇ ದಾಟುತ್ತಾರೆ. ಹೆಲ್ಮೆಟ್ ಕೂಡ ಇಲ್ಲದೆ.

ಗೇಟು ತೆರೆದರೆ ಇಷ್ಟೆಲ್ಲ ಪುಕ್ಕಟೆ ಸಿಗುತ್ತಿದ್ದರೂ ನಮ್ಮ ಮೌಂಟನ್ ಬೈಕ್ ತಂಡ ಕಾರಿನ ತಲೆಗೆ ಸೈಕಲ್ ಕಟ್ಟಿ, ನುಣುಪಾದ ಹೆದ್ದಾರಿಯಲ್ಲಿ ಟೋಲ್ ತೆರುತ್ತಾ ಇನ್ನೂರು ಚಿಲ್ಲರೆ ಕಿಲೋಮೀಟರ್ ದೂರದ ಸಕಲೇಶಪುರಕ್ಕೆ ಹೋಗಿ, ಅಲ್ಲಿ ಎಂಟ್ರಿ ಫೀ ಕೊಟ್ಟು ಕೆಟ್ಟ ದಾರಿಯನ್ನು ಬಾಡಿಗೆಗೆ ಪಡೆಯುತ್ತದೆ. ಪುಕ್ಕಟೆ ಹೊಂಡಕ್ಕೆ ಶಾಪ, ಕಾಸು ಕೊಟ್ಟ ಹೊಂಡಕ್ಕೆ ಸೆಲ್ಫಿ. ನಗರದ ಗುಂಡಿಗೆ ಬಿದ್ದು ಮೊಣಕೈ ತರಚಿಕೊಂಡವನ ಕೊರಳಿಗೆ ಯಾರೂ ಮೆಡಲ್ ಹಾಕುವುದಿಲ್ಲ ನೋಡಿ.

ತಂಡ ಎಂದೆನಲ್ಲ, ಅದರಲ್ಲಿ ಒಬ್ಬರು ದಂತವೈದ್ಯರು. ಒಬ್ಬರು ಚಾರ್ಟರ್ಡ್ ಅಕೌಂಟೆಂಟ್. ಅವರೇ ಖಜಾಂಚಿ, ಏಕೆಂದರೆ ಅವರ ಲೆಕ್ಕ ಕೇಳುವ ಧೈರ್ಯ ಬೇರೆ ಯಾರಿಗೂ ಇಲ್ಲ. ಸಾಫ್ಟ್‌ವೇರಿನವರು ಬೇಕಾದಷ್ಟಿದ್ದಾರೆ. ನಾನು ಪ್ರಚಾರ ವಿಭಾಗ. ಕ್ಯಾಪ್ಟನ್ ಸಾಹೇಬರು ಕಂಪನಿಯಲ್ಲಿ ಮ್ಯಾನೇಜರ್ ಆಗಿರುವುದರಿಂದ ರೇಸಿಗೆ ಮೊದಲು ಪ್ರೆಸೆಂಟೇಶನ್, ಮುಗಿದ ಮೇಲೆ ರಿವ್ಯೂ. ನಮ್ಮದು ಎಂಡ್ಯೂರೆನ್ಸ್ ತಂಡ. ಮ್ಯಾರಥಾನ್ ವಿಭಾಗಕ್ಕೆ ಒಕ್ಕೂಟ ಹಾಕಿರುವ ಅಳತೆ 60ರಿಂದ 160 ಕಿಲೋಮೀಟರ್. ಅಷ್ಟು ದೂರ ಕಲ್ಲುಮಣ್ಣಿನಲ್ಲಿ ತುಳಿಯುವ ತಾಳ್ಮೆ ನಮಗಿದೆಯೇ ಎಂದು ಅನುಮಾನಪಡುವವರು ನಮ್ಮ ಜರ್ಸಿ ಸಮಿತಿಯ ಸಭೆಗೆ ಬಂದು ಕೂರಬೇಕಿತ್ತು. ಹಳದಿ-ಕೆಂಪು ಇರಲಿ, ನಮ್ಮ ನಾಡಿನ ತಂಡವೆಂದು ಗೊತ್ತಾಗಲಿ ಎಂದು ಒಂದು ಬಣ. ಕಪ್ಪಿರಲಿ, ಹೊಟ್ಟೆ ಕಾಣುವುದಿಲ್ಲ ಎಂದು ಇನ್ನೊಂದು. ಎರಡೂ ಬಣಗಳು ವಾಟ್ಸ್ಯಾಪ್ ಗುಂಪು ತೊರೆದು, ಪುನಃ ಸೇರಿ, ಅಡ್ಮಿನ್ ಬದಲಾಗಿ, ಕೊನೆಗೆ ಕಪ್ಪು ಗೆದ್ದಿತು. ಕಾಲರಿಗೆ ಹಳದಿ-ಕೆಂಪು ಪಟ್ಟಿ ಹೊಲಿಸಿ ನಾಡಪ್ರೇಮವನ್ನು ಸಮಾಧಾನಪಡಿಸಲಾಯಿತು. ಬೆನ್ನ ಮೇಲೆ ಡಾಕ್ಟರ ಕ್ಲಿನಿಕ್ಕು, ತೋಳಿನ ಮೇಲೆ ಒಂದು ಸ್ವೀಟ್ ಅಂಗಡಿ, ಸೀಟಿಗೆ ತಾಗುವ ಭಾಗದಲ್ಲಿ ಯಾರದೋ ಭಾವಮೈದುನನ ಬೋರ್‌ವೆಲ್ ಕಂಪನಿ.

ಅಭ್ಯಾಸಕ್ಕೆ ದಕ್ಷಿಣದವರಿಗೆ ಕನಕಪುರ ರಸ್ತೆಯ ತುರಹಳ್ಳಿ ಕಾಡು, ಉತ್ತರದವರಿಗೆ ಯಲಹಂಕದ ಕಡೆಯ ಆವಲಹಳ್ಳಿ. ತುರಹಳ್ಳಿಯಲ್ಲಿ ಬೆಳಿಗ್ಗೆ ಬಂಡೆ ಹತ್ತುವವರು, ವಾಕಿಂಗ್‌ನವರು, ನಾಯಿಯವರು, ಮದುವೆಗೆ ಮೊದಲೇ ಮದುವೆಯ ಫೋಟೋ ತೆಗೆಸಿಕೊಳ್ಳುವವರು, ಇವರೆಲ್ಲರ ನಡುವೆ ಒಂದಿಷ್ಟು ಮರಗಳಿಗೂ ಜಾಗವಿದೆ. ರಾತ್ರಿ ಗುಂಪಿನಲ್ಲಿ ಎಲ್ಲರೂ ಹೆಬ್ಬೆರಳು ಎತ್ತುತ್ತಾರೆ. ಬೆಳಿಗ್ಗೆ ಐದೂವರೆಗೆ ಬರುವವರ ಮುಖ ನೋಡಿದರೆ ಎತ್ತಿದ್ದು ಹೆಬ್ಬೆರಳೋ ಕಿರುಬೆರಳೋ ಎಂದು ಸಂಶಯವಾಗುತ್ತದೆ. ಎರಡು ಸುತ್ತು ಹೊಡೆದ ಮೇಲೆ ದರ್ಶಿನಿ. ಕೈಗಡಿಯಾರದಲ್ಲಿ ಆಟೋ ಪಾಝ್ ಎಂಬ ಏರ್ಪಾಡು ಇರುವುದರಿಂದ ಸವಾರ ನಿಂತರೆ ಲೆಕ್ಕವೂ ನಿಲ್ಲುತ್ತದೆ. ಹೀಗಾಗಿ ಇಡ್ಲಿ-ವಡೆಗೆ ತಗುಲಿದ ಒಂದು ಗಂಟೆ ಸ್ಟ್ರಾವಾ ಆ್ಯಪಿನ ಸರಾಸರಿ ವೇಗಕ್ಕೆ ತಾಗುವುದೇ ಇಲ್ಲ. ಚಿತ್ರಗುಪ್ತನ ಕೈಗೆ ಈ ಗಡಿಯಾರ ಸಿಕ್ಕಿದ್ದರೆ ನರಕ ಅರ್ಧ ಖಾಲಿ.

ಇನ್ನು ಸಲಕರಣೆ. ಈ ಆಟಕ್ಕೆ ಹೆಸರು ತಂದುಕೊಟ್ಟವರು ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಉಂಡಾಡಿ ಹುಡುಗರು. 1976ರಲ್ಲಿ ರೀಪ್ಯಾಕ್ ಎಂದು ಕರೆದುಕೊಂಡ ಬೆಟ್ಟದ ಹಾದಿಯಲ್ಲಿ ಮೊದಲ ರೇಸ್ ಹೂಡಿದರು. ಸೈಕಲ್ಲುಗಳು ಗುಜರಿಯಿಂದ ಎತ್ತಿ ತಂದ ಹಳೇ ಷ್ವಿನ್‌ಗಳು. ಪೆಡಲನ್ನು ಹಿಂದಕ್ಕೆ ಒತ್ತಿದರೆ ಹಿಡಿಯುವ ಬ್ರೇಕು. ಒಂದು ಸಲ ಇಳಿಯುವಷ್ಟರಲ್ಲಿ ಗ್ರೀಸ್ ಕಾದು ಹೊಗೆಯಾಡಿ, ಮತ್ತೆ ಹೊಸದಾಗಿ ತುಂಬಬೇಕಿತ್ತು. ಮೇಲಕ್ಕೆ ಹೋಗುವುದು ದಬ್ಬಿಕೊಂಡೋ ಯಾರದೋ ಟ್ರಕ್ಕಿನ ಹಿಂಬದಿಯಲ್ಲೋ. ಇಪ್ಪತ್ತು ವರ್ಷದಲ್ಲಿ, 1996ರ ಅಟ್ಲಾಂಟಾದಲ್ಲಿ, ಅದು ಒಲಿಂಪಿಕ್ ಕ್ರೀಡೆ. ಐವತ್ತು ವರ್ಷ ಆಗುವ ಹೊತ್ತಿಗೆ ನಮ್ಮ ಖಜಾಂಚಿಯವರ ಕಾರ್ಬನ್ ಸೈಕಲ್ಲಿನ ಬೆಲೆ ಅದನ್ನು ಹೊತ್ತ ಸೆಕೆಂಡ್ ಹ್ಯಾಂಡ್ ಕಾರಿನದ್ದಕ್ಕಿಂತ ಹೆಚ್ಚು. ಉಕ್ಕಿನ ಬೋಲ್ಟ್ ಬಿಚ್ಚಿಸಿ ಟೈಟಾನಿಯಂ ಹಾಕಿಸಿದರು, ಕೆಲವು ಗ್ರಾಂ ಉಳಿಯಿತು. ಸವಾರನ ತೂಕದ ಮಾತು ಬಂದಾಗ ಕ್ಯಾಪ್ಟನ್ ಅದನ್ನು ವೈಯಕ್ತಿಕ ವಿಚಾರವೆಂದು ಕಡತದಿಂದ ತೆಗೆಸಿದರು. ಟೈರಿನಲ್ಲಿ ಗಾಳಿ 22 ಪಿಎಸ್‌ಐ ಇರಬೇಕೋ 24 ಇರಬೇಕೋ ಎಂಬುದರ ಮೇಲೆ ತಂಡ ಒಡೆದು ನಿಂತಿದೆ. ಅದ್ವೈತ-ದ್ವೈತಕ್ಕೆ ಕೂಡ ಇಷ್ಟು ಬಿಗಿಯಾಗಿ ವಾದ ನಡೆದಿರಲಾರದು.

ರೇಸಿನ ದಿನ ಬಂತು. ಮಳೆ ಹಿಂದೆ ಸರಿಯುತ್ತಿದ್ದ ಕಾಲ, ಕಾಫಿ ತೋಟದ ನಡುವಿನ ಕೆಮ್ಮಣ್ಣು. ಕ್ಯಾಪ್ಟನ್ ಅವರು ದಕ್ಷಿಣ ಆಫ್ರಿಕಾದ ಕೇಪ್ ಎಪಿಕ್‌ನ ವಿಡಿಯೋಗಳನ್ನು ನೋಡಿ ಪಳಗಿದವರು. 2004ರಿಂದ ನಡೆಯುತ್ತಿರುವ ಆ ಎಂಟು ದಿನದ ರೇಸಿನಲ್ಲಿ ಇಬ್ಬಿಬ್ಬರದು ಒಂದು ತಂಡ. ಜೋಡಿಯ ನಡುವೆ ಎರಡು ನಿಮಿಷಕ್ಕಿಂತ ಹೆಚ್ಚು ಅಂತರ ಬಿದ್ದರೆ ದಂಡ. ನಮ್ಮಲ್ಲೂ ಅದೇ ಶಿಸ್ತು ಎಂದು ಜೋಡಿ ಕಟ್ಟಿದರು. ಸೀಟಿ ಊದಿದ್ದೇ ತಡ, ಮದುವೆಮನೆಯಲ್ಲಿ ಊಟದ ಹಾಲಿನ ಬಾಗಿಲು ತೆರೆದಂತಾಯಿತು. ಯಾರ ಜೋಡಿ ಯಾರು, ಯಾರ ಹೆಂಡತಿ ಎಲ್ಲಿ, ಯಾರಿಗೂ ಪರಿವೆಯಿಲ್ಲ. ಮೊದಲ ಏರು ಬರುವಷ್ಟರಲ್ಲಿ ತಂಡವೆಂಬುದು ವಾಟ್ಸ್ಯಾಪ್‌ನಲ್ಲಿ ಮಾತ್ರ ಉಳಿದಿತ್ತು, ಅಲ್ಲಿ ನೆಟ್‌ವರ್ಕ್ ಇರಲಿಲ್ಲ.

ಖಜಾಂಚಿಯವರು ಮಾತ್ರ ನಿಯಮಕ್ಕೆ ಕಟ್ಟುಬಿದ್ದು ಹಲಸಿನ ಮರದ ಕೆಳಗೆ ಡಾಕ್ಟರಿಗಾಗಿ ಕಾದರು. ಎರಡು ನಿಮಿಷ ಇಪ್ಪತ್ತಾಯಿತು. ಡಾಕ್ಟರು ಅಷ್ಟರಲ್ಲಿ ಗೊಬ್ಬರದ ಮೂಟೆಗಳ ಜೊತೆ ತೋಟದ ಪಿಕಪ್‌ನಲ್ಲಿ ಕೂತು ಗುಡ್ಡದ ನೆತ್ತಿ ಮುಟ್ಟಿದ್ದರು. ಆಮೇಲೆ ಕೇಳಿದರೆ ತಣ್ಣಗೆ ಹೇಳಿದರು: “ಮರಿನ್ ಕೌಂಟೀಲೂ ಹಾಗೇ ಹತ್ತತಿದ್ರು. ಸಂಪ್ರದಾಯ ಬಿಡಬಾರದು.”

ಉಳಿದವರು ತಲೆ ತಗ್ಗಿಸಿ ಸೈಕಲ್ ದಬ್ಬುತ್ತಿದ್ದೆವು. ಇಂಬಳಗಳಿಗೆ ಇಂಥ ಸುಗ್ಗಿ ಯಾವಾಗಲೂ ಸಿಗುವುದಿಲ್ಲ. ಸಂಘಟಕರು ಫೀಡ್ ಝೋನ್ ಎಂದು ಬೋರ್ಡ್ ಹಾಕಿದ್ದು ಅವಕ್ಕಾಗಿಯೇ ಇರಬೇಕು. ಕಳೆ ಕೊಚ್ಚುತ್ತಿದ್ದ ಹೆಂಗಸೊಬ್ಬರು ಕತ್ತಿ ಕೆಳಗಿಟ್ಟು, ನೆಲ ನೋಡುತ್ತಾ ನಡೆಯುವ ನಮ್ಮ ಮೆರವಣಿಗೆಯನ್ನು ಸ್ವಲ್ಪ ಹೊತ್ತು ಗಮನಿಸಿದರು. ಕಡೆಗೆ ಕನಿಕರ ತಡೆಯಲಾರದೆ ಕೇಳಿಯೇಬಿಟ್ಟರು: “ಏನ್ ಕಳ್ಕಂಡ್ರಣ್ಣ? ಹುಡುಕ್ಕೊಡ್ಲಾ?”

ಗಟ್ಟಿಯಾಗಿ ತುಳಿದರೆ ಮೈಯಲ್ಲಿ ಕೂಡಿಟ್ಟ ಗ್ಲೈಕೋಜನ್ ಒಂದೂವರೆ-ಎರಡು ಗಂಟೆಯಲ್ಲಿ ಬರಿದಾಗುತ್ತದೆ, ಆಮೇಲೆ ಕಾಲು ಕಲ್ಲು, ಕಣ್ಣಿಗೆ ಮಂಜು. ನಾವು ಗಟ್ಟಿಯಾಗಿಯೇನೂ ತುಳಿದಿರಲಿಲ್ಲ, ಆದರೂ ಅದನ್ನು ‘ಬಾಂಕ್’ ಎಂದು ಕರೆದುಕೊಂಡು ಕೂತೆವು. ಸುಸ್ತು ಎಂದರೆ ಮರ್ಯಾದೆ ಕಡಿಮೆ. ಜೇಬಿನಿಂದ ಹೊರಬಂದದ್ದು ಆಮದು ಜೆಲ್. ನೂರಕ್ಕೂ ಹೆಚ್ಚು ರೂಪಾಯಿಯ ಆ ಅಂಟಿನಲ್ಲಿ ಇರುವುದು 25 ಗ್ರಾಂ ಆಸುಪಾಸಿನ ಪಿಷ್ಟ-ಸಕ್ಕರೆ. ಒಂದು ಪಚ್ಚಬಾಳೆಯಲ್ಲೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಆದರೆ ಬಾಳೆಹಣ್ಣಿನ ಸಿಪ್ಪೆಯ ಮೇಲೆ ಇಂಗ್ಲಿಷ್‌ನಲ್ಲಿ ಏನೂ ಬರೆದಿರುವುದಿಲ್ಲ.

ಹೀಗೆ ನಾವು ಎರಡನೇ ಸುತ್ತಿನ ವಿಚಾರ ಮಾಡುತ್ತಿರುವಾಗ ವಿಜಯಪುರ, ಬಾಗಲಕೋಟೆ ಕಡೆಯ ಹುಡುಗರು ರೇಸ್ ಮುಗಿಸಿ ಮುಖ ತೊಳೆಯುತ್ತಿದ್ದರು. ಬಂದದ್ದು ಸರ್ಕಾರಿ ಬಸ್ಸಿನ ಟಾಪಿನ ಮೇಲೆ ಸೈಕಲ್ ಹಾಕಿಕೊಂಡು. ಅವರಲ್ಲೊಬ್ಬ ಖಜಾಂಚಿಯವರ ಕಾರ್ಬನ್ ಫ್ರೇಮನ್ನು ಬೆರಳಿನಿಂದ ತಟ್ಟಿ ನೋಡಿ, ನಿಜವಾದ ಕುತೂಹಲದಿಂದ ಕೇಳಿದ: “ಅಣ್ಣಾರ, ಗಾಡಿ ಭಾಳ ಛಲೋ ಐತ್ರಿ. ಮತ್ತ ಯಾಕ ದಬ್ಬಿಕೋಂತ ಬಂದ್ರಿ?” ಖಜಾಂಚಿಯವರು ಸಸ್ಪೆನ್ಶನ್ ಸೆಟ್ಟಿಂಗ್ ಬಗ್ಗೆ ಏನೋ ಹೇಳಿದರು. ಹುಡುಗ ಸೌಜನ್ಯದಿಂದ ತಲೆಯಾಡಿಸಿದ.

ಈ ಹುಡುಗರ ಊರಿನಲ್ಲಿ ಸೈಕ್ಲಿಂಗ್‌ಗೆ ಸ್ಪೋರ್ಟ್ಸ್ ಹಾಸ್ಟೆಲ್ ಇದೆ. ಹೊಲಗೆಲಸದ ಮನೆಗಳಿಂದ ಬಂದವರು ರಾಷ್ಟ್ರಮಟ್ಟದಲ್ಲಿ ಪದಕ ತಂದಿದ್ದಾರೆ. ಅವರಿಗೆಂದು ಆರಂಭವಾದ ವಿಜಯಪುರದ ವೆಲೋಡ್ರೋಮ್ ಸೈಕಲ್ ಟ್ರ್ಯಾಕಿನ ಕಾಮಗಾರಿ ವರ್ಷಗಟ್ಟಲೆ ಕುಂಟಿತು. ಎಂಡ್ಯೂರೆನ್ಸ್ ಎಂದರೆ ಅದು, ಫೀಡ್ ಝೋನ್ ಕೂಡ ಇಲ್ಲದ್ದು. 2022ರ ರಾಷ್ಟ್ರೀಯ ಮೌಂಟನ್ ಬೈಕ್ ಚಾಂಪಿಯನ್‌ಶಿಪ್ ಗದಗ ಪಕ್ಕದ ಬಿಂಕದಕಟ್ಟಿಯಲ್ಲಿ ನಡೆಯಿತು. ನೋಡಿಯಾದರೂ ಬರೋಣ ಎಂದು ನಮ್ಮ ಗುಂಪಿನಲ್ಲಿ ಯಾರೋ ಹಾಕಿದ್ದರು. ‘ಹತ್ತಿರ ರೆಸಾರ್ಟ್ ಇದೆಯಾ?’ ಎಂಬ ಪ್ರಶ್ನೆ ಬಂತು. ಚರ್ಚೆ ಅಲ್ಲಿಗೇ ಮುಗಿಯಿತು.

ಹಾಗೆಂದು ನಮಗೆ ಪದಕ ಬರಲಿಲ್ಲ ಎಂದುಕೊಳ್ಳಬೇಡಿ. ಸಂಘಟಕರು ನಮ್ಮಂಥವರನ್ನು ಬಲ್ಲವರು. ಓಪನ್ ವಿಭಾಗವನ್ನು ಹುಡುಗರಿಗೆ ಬಿಟ್ಟುಕೊಟ್ಟು, ವಯಸ್ಸಿನ ಮೇಲೆ ಒಂದಿಷ್ಟು, ಸೈಕಲ್ಲಿನ ಬಗೆಯ ಮೇಲೆ ಇನ್ನೊಂದಿಷ್ಟು ವಿಭಾಗ ಸೀಳಿರುತ್ತಾರೆ. ಜಾತಿಗೊಂದು ನಿಗಮ ಮಾಡಿದ ನಾಡಿನಲ್ಲಿ ಇದೇನೂ ಹೊಸದಲ್ಲ. ಮೂವರಿರುವ ವಿಭಾಗ ಹುಡುಕಿ ಹೆಸರು ಕೊಟ್ಟರೆ ಪೋಡಿಯಂ ಖಾತ್ರಿ, ಗುರಿ ಮುಟ್ಟಿದರೆ ಸಾಕು. ಡಾಕ್ಟರು ಮೂರನೆಯವರಾಗಿ ಬೆಳ್ಳನೆ ಹಲ್ಲು ತೋರಿಸುತ್ತಾ ನಿಂತರು. ಅವರ ಕ್ಲಿನಿಕ್ಕಿನ ಜಾಹೀರಾತಿಗೆ ಅದಕ್ಕಿಂತ ಒಳ್ಳೆಯ ಫೋಟೋ ಸಿಗದು. ಪಿಕಪ್‌ನ ವಿಚಾರವನ್ನು ಪ್ರಚಾರ ವಿಭಾಗ ಹೊರಗೆ ಬಿಡಲಿಲ್ಲ.

ಸಂಜೆ ಹೋಂಸ್ಟೇಯಲ್ಲಿ ರಿವ್ಯೂ. ನಮ್ಮ ತಂಡ ತಂಡವಾಗಿ ದುಡಿಯುವುದು ಇಲ್ಲಿ ಮಾತ್ರ. ಒಬ್ಬೊಬ್ಬರೂ ತಮ್ಮ ಕಾರಣ ಮಂಡಿಸುತ್ತಾರೆ, ಉಳಿದವರು ಅನುಮೋದಿಸುತ್ತಾರೆ. ನಾನು ನಿನ್ನ ಪಂಕ್ಚರ್ ನಂಬುತ್ತೇನೆ, ನೀನು ನನ್ನ ಸ್ನಾಯುಸೆಳೆತ ನಂಬು ಎಂಬ ಒಡಂಬಡಿಕೆ. ಎಲ್ಲಕ್ಕಿಂತ ಮೇಲ್ಜಾತಿಯ ಕಾರಣವೆಂದರೆ ಹ್ಯಾಂಗರ್. ಹಿಂದಿನ ಗೇರನ್ನು ಫ್ರೇಮಿಗೆ ಹಿಡಿದಿಡುವ ಈ ಅಲ್ಯೂಮಿನಿಯಂ ತುಂಡನ್ನು ಮಾಡಿರುವುದೇ ಪೆಟ್ಟು ಬಿದ್ದಾಗ ತಾನು ಮುರಿದು ದುಬಾರಿ ಫ್ರೇಮನ್ನು ಉಳಿಸಲಿ ಎಂದು. ಯಜಮಾನನ ಮಾನವನ್ನೂ ಅದು ಉಳಿಸುತ್ತದೆ. ನಮ್ಮ ಒಬ್ಬ ಸಾಫ್ಟ್‌ವೇರ್ ಮಿತ್ರರು ಮುರಿದ ಹ್ಯಾಂಗರನ್ನು ಟೇಬಲ್ ಮೇಲೆ ಇಟ್ಟಾಗ ಎಲ್ಲರೂ ಮೌನವಾಗಿ ಗೌರವ ಸಲ್ಲಿಸಿದೆವು. ಅದೇ ತುಂಡನ್ನು ಹಿಂದಿನ ರೇಸಿನ ರಿವ್ಯೂನಲ್ಲೂ ನೋಡಿದಂತಿತ್ತು. ಒಡಂಬಡಿಕೆ ಇದೆಯಲ್ಲ, ಯಾರೂ ಬಾಯಿ ಬಿಡಲಿಲ್ಲ.

ಕಾರಣಗಳೆಲ್ಲ ಹಳಸುತ್ತಿವೆ ಎಂಬುದು ಕ್ಯಾಪ್ಟನ್ ಅವರಿಗೂ ಹೊಳೆದಿರಬೇಕು. ಮುಂದಿನ ಗುರಿ ಹಿಮಾಲಯ ಎಂದು ಘೋಷಿಸಿದರು. ಶಿಮ್ಲಾದಲ್ಲಿ 2005ರಲ್ಲಿ ಶುರುವಾದ ಎಂಟಿಬಿ ಹಿಮಾಲಯ ರೇಸಿನ ಸ್ಲೈಡು ಬಂತು: ದಿನಗಟ್ಟಲೆ ಸವಾರಿ, ಕಲ್ಲು, ಕೆಸರು, ಚಳಿ. “ಮುಖ್ಯವಾಗಿ ಅಲ್ಲಿ ಆಕ್ಸಿಜನ್ ಕಡಿಮೆ ಇರುತ್ತೆ,” ಎಂದರು. ಎಲ್ಲರ ಮುಖ ಅರಳಿತು. ಹಿಂದೆ ಬಿದ್ದರೆ ಹ್ಯಾಂಗರ್ ಮುರಿದುಕೊಳ್ಳುವ ತಾಪತ್ರಯವೇ ಇಲ್ಲ.

ಖಜಾಂಚಿಯವರು ತಕರಾರು ಎತ್ತಿದರು. “ಶಿಮ್ಲಾ ಇರೋದು 2,200 ಮೀಟರ್ ಅಷ್ಟೇ ಸಾರ್. ಹನಿಮೂನಿಗೆ ಹೋದಾಗ ನಾನೇ ಮಾಲ್ ರೋಡೆಲ್ಲ ಹತ್ತಿ ಇಳಿದಿದ್ದೀನಿ. ಮನೇಲಿ ನಂಬಲ್ಲ.”

“ಹಾಗಾದರೆ ಲೇಹ್,” ಎಂದರು ಡಾಕ್ಟರು. “ಮೂರೂವರೆ ಸಾವಿರ ಮೀಟರ್. ಮೆಟ್ಟಿಲು ಹತ್ತಿದರೂ ಏದುಸಿರು ಬರುತ್ತೆ. ಸರ್ಟಿಫಿಕೇಟ್ ಬೇಕಾದರೆ ನಾನೇ ಬರ್ಕೊಡ್ತೀನಿ.”

ಅಲ್ಲಿ ನಮಗೆ ಹೊಂದುವ ರೇಸ್ ಯಾವುದಾದರೂ ಇದೆಯೇ ಎಂದು ಮೂಲೆಯಿಂದ ಯಾರೋ ಕೇಳಿದರು. ಅದನ್ನೆಲ್ಲ ಆಮೇಲೆ ನೋಡಿಕೊಂಡರಾಯಿತು, ಹಿಮದ ಮುಂದೆ ಕಪ್ಪು ಎದ್ದು ಕಾಣುತ್ತದೋ ಹಳದಿ-ಕೆಂಪೋ ಎಂಬುದು ಮೊದಲು ತೀರ್ಮಾನವಾಗಲಿ ಎಂದು ಜರ್ಸಿ ಸಮಿತಿಯ ತುರ್ತು ಸಭೆ ಕರೆದಿದ್ದಾರೆ. ಕೋರಂ ಖಂಡಿತ ಭರ್ತಿಯಾಗುತ್ತದೆ.