ಪೂರ್ವಸ್ವಾಮಿಕ ಶಕಟ ಮೀಮಾಂಸೆ

ಒಬ್ಬನ ಹೆಸರಿನಲ್ಲಿ ನೋಂದಣಿಯಾಗಿ, ಅವನಿಂದ ಮನಸಾರೆ ಬಳಸಲ್ಪಟ್ಟು, ಈಗ ಇನ್ನೊಬ್ಬನ ಕೈ ಸೇರಲು ತೊಳೆದು ನಿಲ್ಲಿಸಿರುವ ನಾಲ್ಕು ಚಕ್ರದ ವಾಹನವನ್ನು ಶಾಸ್ತ್ರದಲ್ಲಿ ಪೂರ್ವಸ್ವಾಮಿಕ ಶಕಟವೆಂದೂ ಯಶವಂತಪುರದಲ್ಲಿ ಸೆಕೆಂಡ್ ಹ್ಯಾಂಡ್ ಗಾಡಿಯೆಂದೂ ಕರೆಯಬಹುದು. ಕೆಎ 04 ಮತ್ತು ಕೆಎ 50 ಫಲಕಗಳು ವಿಪುಲವಾಗಿ ಕಾಣಸಿಗುವ ಯಶವಂತಪುರ, ಆರ್.ಟಿ. ನಗರ, ಹೆಬ್ಬಾಳ, ಯಲಹಂಕ ಸೀಮೆಯಲ್ಲಿ ಈ ವಸ್ತುವನ್ನು ಕುರಿತು ಬೆಳೆದಿರುವ ಜ್ಞಾನಶಾಖೆಯ ಸ್ವರೂಪವನ್ನು ನಿರೂಪಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶವಾಗಿದೆ. ಈ ಶಾಖೆಯಲ್ಲಿ ಅಧಿಕಾರಿಯೆನಿಸಿದವನಿಗೆ, ಅಂದರೆ ಕೇಳದಿದ್ದರೂ ಮಾತಾಡುವ ಹಕ್ಕುಳ್ಳವನಿಗೆ, ಇಲ್ಲಿ ಕಾರುಜ್ಞ ಎಂಬ ಹೆಸರನ್ನು ಕೊಡಲಾಗಿದೆ. ಅವನು ಕೊಳ್ಳುವವನೂ ಅಲ್ಲ, ಮಾರುವವನೂ ಅಲ್ಲ. ಕೊಳ್ಳುವವನ ಜೊತೆಗೆ ಬಂದವನು.

ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರ ತಮ್ಮ ಲೇಖನದಲ್ಲಿ, ಗಾಡಿಯ ದೋಷ ಮಾರುವವನಿಗೆ ಗೊತ್ತಿದ್ದು ಕೊಳ್ಳುವವನಿಗೆ ಗೊತ್ತಿಲ್ಲದಿರುವುದರಿಂದ ಕೊಳ್ಳುವವನು ಎಲ್ಲ ಗಾಡಿಗಳಿಗೂ ಕಡಿಮೆ ಬೆಲೆಯನ್ನೇ ಕೇಳುತ್ತಾನೆಂದೂ, ಒಳ್ಳೆಯ ಗಾಡಿಯುಳ್ಳವರು ಬೇಸತ್ತು ಹಿಂದೆಗೆದು ಮಾರುಕಟ್ಟೆಯಲ್ಲಿ ಕೆಟ್ಟವೇ ಉಳಿಯುತ್ತವೆಂದೂ ವಾದಿಸಿದರು. 2001ರಲ್ಲಿ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದರು. ವಾದದಲ್ಲಿ ಲೋಪವಿಲ್ಲ, ಆದರೆ ಅದರಲ್ಲಿ ಕಾರುಜ್ಞನಿಗೆ ಎಡೆಯಿಲ್ಲ. ಗಾಡಿಯ ದೋಷ ಅದರ ಒಡೆಯನಿಗಿಂತ ಮೂರನೆಯವನೊಬ್ಬನಿಗೆ ಹೆಚ್ಚು ತಿಳಿದಿದ್ದು, ಅದನ್ನು ಅವನು ಒಡೆಯನ ಮನೆಯ ಗೇಟಿನಲ್ಲೇ ನಿಂತು, ಒಡೆಯನ ಮನೆಯ ಕಾಫಿ ಕುಡಿಯುತ್ತಲೇ ಸಾರಿದರೆ ಮಾರುಕಟ್ಟೆಗೆ ಏನಾದೀತೆಂಬ ಪ್ರಶ್ನೆ ಯಲಹಂಕದಲ್ಲಿ ಮಾತ್ರ ಪರಿಶೀಲನೆಗೆ ಬಂದಿದೆ.

ಜ್ಞಾನಸಾಧನಗಳನ್ನು ಪ್ರಮಾಣಗಳೆನ್ನುತ್ತಾರೆ, ಮೀಮಾಂಸಕರಲ್ಲಿ ಕುಮಾರಿಲ ಭಟ್ಟನ ಪರಂಪರೆ ಅಂಥ ಆರನ್ನು ಒಪ್ಪುತ್ತದೆ. ಪ್ರತ್ಯಕ್ಷ, ಅಂದರೆ ಕಣ್ಣಿಗೆ ಕಂಡದ್ದು, ಪಾಲಿಶ್ ಕಂಡುಹಿಡಿದ ದಿನವೇ ಬಿದ್ದುಹೋಯಿತು. ಆಪ್ತವಾಕ್ಯ, ಅಂದರೆ ನಂಬಬಹುದಾದವನ ಮಾತು, ಈ ಕ್ಷೇತ್ರದಲ್ಲಿ "ಡಾಕ್ಟರ್ ಗಾಡಿ ಸಾರ್, ಸಿಂಗಲ್ ಓನರ್, ಒಂದು ರೂಪಾಯಿ ಕೆಲಸ ಇಲ್ಲ" ಎಂಬ ರೂಪದಲ್ಲಿ ದೊರೆಯುತ್ತದೆ. (ಮಾರಾಟಕ್ಕಿರುವ ಗಾಡಿಗಳ ಒಡೆಯರಲ್ಲಿ ಇಷ್ಟು ಮಂದಿ ಡಾಕ್ಟರರಿದ್ದೂ ಆಸ್ಪತ್ರೆಗಳಲ್ಲಿ ಸರದಿ ಏಕೆ ಕರಗುವುದಿಲ್ಲವೆಂಬುದು ಬೇರೆಯೇ ಸಂಶೋಧನೆಯ ವಿಷಯ.) ಉಪಮಾನವೆಂದರೆ ಹೋಲಿಕೆಯಿಂದ ಬರುವ ಅರಿವು, "ನಮ್ಮ ಭಾವನ ಹತ್ತಿರ ಇದೇ ಮಾಡೆಲ್ ಇತ್ತು" ಎಂದು ಆರಂಭವಾಗುವ ವಾಕ್ಯಗಳೆಲ್ಲ ಇದರಡಿ ಬರುತ್ತವೆ, ಮತ್ತು ಅವು ಬೇಗ ಮುಗಿಯುವುದಿಲ್ಲ.

ಅನುಮಾನ ಪ್ರಮಾಣದಲ್ಲಿ ಕಾರುಜ್ಞನ ಕೊಡುಗೆ ನಿಜಕ್ಕೂ ದೊಡ್ಡದು. ಹೊಗೆಯಿರುವುದರಿಂದ ಬೆಟ್ಟದಲ್ಲಿ ಬೆಂಕಿಯಿದೆಯೆಂದು ಊಹಿಸಿ ತೃಪ್ತರಾದ ನೈಯಾಯಿಕರು ಹೊಗೆಯ ಬಣ್ಣವನ್ನು ವಿಚಾರಿಸಲಿಲ್ಲ. ನೀಲಿಯಾದರೆ ಎಂಜಿನ್ ಆಯಿಲ್ ಉರಿಯುತ್ತಿದೆ, ಕಪ್ಪಾದರೆ ಇಂಧನ ಪೂರ್ತಿ ಉರಿಯುತ್ತಿಲ್ಲ, ಎಂಜಿನ್ ಕಾದ ಮೇಲೂ ದಟ್ಟ ಬಿಳಿಯಾಗಿಯೇ ಬಂದರೆ ಹೆಡ್ ಗ್ಯಾಸ್ಕೆಟ್ ಹೋಗಿ ಕೂಲೆಂಟ್ ಸಿಲಿಂಡರಿಗೆ ಇಳಿಯುತ್ತಿದೆ ಎಂಬ ಭೇದವನ್ನು ಸ್ಥಾಪಿಸಿದವನು ಸೈಲೆನ್ಸರಿನ ಹಿಂದೆ ಕುಕ್ಕರಗಾಲಿನಲ್ಲಿ ಕೂತ ಕಾರುಜ್ಞನೇ.

ಆದರೂ ಈ ಶಾಸ್ತ್ರದ ಶಿಖರವೆಂದರೆ ಅರ್ಥಾಪತ್ತಿ. ದಪ್ಪಗಿರುವ ದೇವದತ್ತ ಹಗಲು ಉಣ್ಣುವುದಿಲ್ಲವಾದರೆ ರಾತ್ರಿ ಉಣ್ಣುತ್ತಿರಲೇಬೇಕೆಂದು, ಬೇರೆ ವಿವರಣೆಗೆ ದಾರಿಯಿಲ್ಲದೆ ಒಪ್ಪಿಕೊಳ್ಳಬೇಕಾದ ಕಲ್ಪನೆಗೆ ಈ ಹೆಸರು. ಎಂಟು ವರ್ಷದ ಗಾಡಿಯ ಓಡೋಮೀಟರ್ 38,000 ಕಿ.ಮೀ. ತೋರಿಸುತ್ತಿದ್ದು, ಕ್ಲಚ್ ಪೆಡಲಿನ ರಬ್ಬರು ಸವೆದು ಕಬ್ಬಿಣ ಕಾಣುತ್ತಿದ್ದರೆ, ಗಾಡಿಯೂ ದೇವದತ್ತನಂತೆ ಯಾರೂ ನೋಡದ ಹೊತ್ತಿನಲ್ಲಿ ಓಡಿದೆ, ಇಲ್ಲವೇ ಮೀಟರು ಹಿಂದಕ್ಕೆ ನಡೆದಿದೆ. ಟೈರಿನ ಪಕ್ಕದಲ್ಲಿ 2319 ಎಂದಿದ್ದರೆ ಅದು 2019ರ 23ನೇ ವಾರದಲ್ಲಿ ತಯಾರಾದದ್ದು. 2022ರ ಗಾಡಿಗೆ ಅದು ಹೇಗೆ ಬಂತೆಂಬುದಕ್ಕೆ ಒಡೆಯನ ಬಳಿ ಉತ್ತರ ಇರುವುದಿಲ್ಲ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ಮಣ್ಣಿನ ಗೆರೆ ಹುಡುಕುವ ವಿಧಿಯೂ ಇದೇ ಪ್ರಮಾಣಕ್ಕೆ ಸೇರಿದ್ದು, 2021ರ ನವೆಂಬರಿನಲ್ಲೂ 2024ರ ಅಕ್ಟೋಬರಿನಲ್ಲೂ ಯಲಹಂಕದ ಕೇಂದ್ರೀಯ ವಿಹಾರ ವಸತಿ ಸಮುಚ್ಚಯ ಜಲಾವೃತವಾದುದನ್ನು ಕಂಡ ಸೀಮೆಯಲ್ಲಿ ಅದನ್ನು ಅತಿ ಎನ್ನಲಾಗದು. ಆರನೆಯದಾದ ಅನುಪಲಬ್ಧಿ, ಅಂದರೆ ಇಲ್ಲದಿರುವುದರ ಅರಿವು, ಸರ್ವೀಸ್ ದಾಖಲೆ ಕೇಳಿದೊಡನೆ ತಾನಾಗಿ ಸಿದ್ಧಿಸುತ್ತದೆ.

ಪ್ರಾಯೋಗಿಕ ಭಾಗದಲ್ಲಿ ದೇಶಕಾಲಗಳ ವಿವಾದವಿದೆ. ಮಾರುವವನು ಬೆಳಗಿನ ಆರು ಗಂಟೆಗೆ ಬಳ್ಳಾರಿ ರಸ್ತೆಯಲ್ಲಿ ವಿಮಾನ ನಿಲ್ದಾಣದ ಕಡೆಗೆ ಓಡಿಸಿ ನೋಡಬೇಕೆನ್ನುತ್ತಾನೆ. ಅಲ್ಲಿ ಎಂಥ ಗಾಡಿಯೂ ಐದನೇ ಗೇರಿನಲ್ಲಿ ಗಂಧರ್ವನಂತೆ ಹಾಡುತ್ತದೆ. ಕಾರುಜ್ಞ ಸಂಜೆ ಆರಕ್ಕೆ ಹೆಬ್ಬಾಳದ ಮೇಲ್ಸೇತುವೆಯ ಏರಿನಲ್ಲಿ, ಎ.ಸಿ. ಹಾಕಿಕೊಂಡು, ಅರ್ಧ ಕ್ಲಚ್ಚಿನಲ್ಲಿ ಎಂದು ಪಟ್ಟು ಹಿಡಿಯುತ್ತಾನೆ. ಕ್ಲಚ್ಚು, ಕೂಲಿಂಗ್ ಫ್ಯಾನು ಮತ್ತು ಕೊಳ್ಳುವವನ ವೈರಾಗ್ಯ, ಮೂರನ್ನೂ ಒಂದೇ ಸಲ ಪರೀಕ್ಷಿಸುವ ಪ್ರಯೋಗಶಾಲೆ ಬೇರೆಲ್ಲೂ ಇಲ್ಲದಿರುವುದರಿಂದ ಈ ಪಕ್ಷವೇ ಪ್ರಬಲವೆನ್ನಬೇಕು.

ದಿಲ್ಲಿ ಗಾಡಿಯ ವಿಷಯದಲ್ಲಿ ಪೂರ್ವಪಕ್ಷ ಹೀಗಿದೆ: ರಾಜಧಾನಿ ವಲಯದಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ಓಡಬಾರದೆಂಬ ಹಸಿರು ನ್ಯಾಯಮಂಡಳಿಯ ಆದೇಶವನ್ನು 2018ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿದದ್ದರಿಂದ ಅಲ್ಲಿ ಅಂಥವು ಅಗ್ಗವಾದವು, ತಂದರೆ ಲಾಭ. ಸಿದ್ಧಾಂತ ಹೀಗಿದೆ: ಇಲ್ಲಿ ನೆಲೆಸುವ ಗಾಡಿ ಜೀವಾವಧಿ ತೆರಿಗೆ ಕಟ್ಟಬೇಕು, ಅದು ಹೊಸದಕ್ಕೆ ಶೇ. 13ರಿಂದ 18ರವರೆಗೆ ಇದ್ದು ಹಳತಾದಂತೆ ಇಳಿಯುವುದಾದರೂ, ಎನ್‌ಒಸಿಯ ಅಲೆದಾಟವನ್ನೂ ಸಾಗಾಣಿಕೆಯನ್ನೂ ಕೂಡಿದರೆ ಉಳಿದ ಲಾಭ ಒಂದು ಟೈರಿಗೆ ಸಾಕಾಗಬಹುದು.

ಇಷ್ಟೆಲ್ಲ ಪ್ರಮಾಣಗಳಿಂದ ಫಲಿಸುವ ನಿರ್ಣಯ ಒಂದೇ: "ಈ ಗಾಡಿ ಬೇಡ." ನಿರ್ದೋಷವಾದ ಹಳೆಯ ಗಾಡಿ ತತ್ತ್ವತಃ ಅಸಾಧ್ಯವಾದುದರಿಂದ ಪೂರ್ಣಜ್ಞಾನಿ ಎಂದೂ ಕೊಳ್ಳಲಾರ, ಕೊಂಡವನು ಪೂರ್ಣಜ್ಞಾನಿಯಾಗಿರಲಾರ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಹೊಸ ಕಾರುಗಳ ಜಿಎಸ್‌ಟಿ ಶೇ. 18ಕ್ಕೆ ಇಳಿದು ಹಳೆಯವುಗಳ ಬೆಲೆಯೂ ಕುಸಿಯತೊಡಗಿದಾಗ, ಕಾಯಲು ಹೇಳಿದ್ದು ಸರಿಯಾಯಿತೆಂದು ಕಾರುಜ್ಞ ನೆನಪಿಸಿದ. ಇನ್ನೂ ಕಾಯಬೇಕೆಂದೂ ಸೇರಿಸಿದ. ಈ ನಡುವೆ ಕೊಳ್ಳುವವನು ನಂಬರಿನ ಅಂಕಿಗಳನ್ನು ಕೂಡಿ ಒಂಬತ್ತು ಬಂದದ್ದರಿಂದಲೂ ಹೆಂಡತಿಗೆ ಬಣ್ಣ ಹಿಡಿಸಿದ್ದರಿಂದಲೂ ಮುಂಗಡ ಕೊಟ್ಟಿರುತ್ತಾನೆ.

ಬಾನೆಟ್ಟಿನ ಬೋಲ್ಟುಗಳ ಬಣ್ಣವನ್ನು ಉಗುರಿನಿಂದ ಕೆರೆದು ನೋಡುವ ಕಾರುಜ್ಞನಿಗೆ ನಮೂನೆ 29 ಮತ್ತು 30ರ ಬಗ್ಗೆ ಯಾವ ಅಭಿಪ್ರಾಯವೂ ಇಲ್ಲದಿರುವುದು ಈ ಶಾಸ್ತ್ರದ ಏಕೈಕ ಗಂಭೀರ ಕೊರತೆ. ಇವು ಒಡೆತನ ವರ್ಗಾವಣೆಯ ಕಾಗದಗಳು. ಮಾರಿದ ಗಾಡಿ ಕೈಯಿಂದ ಕೈಗೆ ದಾಟಿಹೋಗಿದ್ದರೂ ಅಪಘಾತವಾದಾಗ ದಾಖಲೆಯಲ್ಲಿ ಹೆಸರುಳ್ಳವನೇ ಹೊಣೆಯೆಂದು 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು ನವೀನ್ ಕುಮಾರ್ ಪ್ರಕರಣದಲ್ಲಿ ತೀರ್ಪಿತ್ತಿದೆ. 1988ರ ಮೋಟಾರು ವಾಹನ ಕಾಯ್ದೆಯ 50ನೇ ಕಲಮಿನಂತೆ, ರಾಜ್ಯದೊಳಗಿನ ಮಾರಾಟವನ್ನು ಮಾರಿದವನು 14 ದಿನಗಳೊಳಗೂ ಕೊಂಡವನು 30 ದಿನಗಳೊಳಗೂ ಸಾರಿಗೆ ಕಚೇರಿಗೆ ತಿಳಿಸಬೇಕು. ಹೊಗೆಯ ಬಣ್ಣ ನೋಡಲು ಮರೆತವರೂ ಇದನ್ನು ಮರೆಯಬಾರದು.