ಷಡ್ಡಕರ ಸರೌಂಡು

ಮನೆಗೆ ಬಂದವರಿಗೆ 'ಬನ್ನಿ, ಕೂತ್ಕೊಳ್ಳಿ' ಎನ್ನುವುದು ನಮ್ಮ ಕಡೆಯ ರೂಢಿ. ನಮ್ಮ ಷಡ್ಡಕರೂ 'ಬನ್ನಿ' ಎನ್ನುತ್ತಾರೆ. ಆದರೆ ನೀವು ಕೂರಲು ಹೋದಿರೋ, 'ಅಯ್ಯೋ, ಅಲ್ಲಲ್ಲ!' ಎಂದು ಓಡಿ ಬರುತ್ತಾರೆ. ಅವರ ಹಾಲ್‌ನಲ್ಲಿ ಮೂವರು ಕೂರುವ ಸೋಫಾ ಇದೆ, ಬೆತ್ತದ ಕುರ್ಚಿಗಳಿವೆ, ಗೋಡೆಗೊಂದು ದಿವಾನವೂ ಇದೆ. ಇಷ್ಟಿದ್ದರೂ ಅವರ ಲೆಕ್ಕದಲ್ಲಿ ಕೂರಲು ಯೋಗ್ಯವಾದ ಜಾಗ ಇಡೀ ಮನೆಗೆ ಒಂದೇ, ಸೋಫಾದ ನಟ್ಟನಡುವಿನದು. ಅಲ್ಲಿ ಕೂತವನ ಮೂಗಿನ ನೇರಕ್ಕೆ ಟಿವಿ, ಅದರ ಕೆಳಗೊಂದು ಸ್ಪೀಕರು. ಎಡಕ್ಕೆ 30 ಡಿಗ್ರಿಗೆ ಒಂದು ಸ್ಪೀಕರು, ಬಲಕ್ಕೆ 30 ಡಿಗ್ರಿಗೆ ಇನ್ನೊಂದು. ಕಿವಿಗಳ ಹಿಂದೆ 110 ಡಿಗ್ರಿಗೆ ಇನ್ನೆರಡು, ಸರೌಂಡು ಎನ್ನುವುದು ಇವಕ್ಕೇ. ಗಂಡ ಹೆಂಡತಿ ಜೊತೆಯಾಗಿ ಹೋದರೆ ಒಬ್ಬರಿಗೆ ಸಿನಿಮಾ, ಇನ್ನೊಬ್ಬರಿಗೆ ಬರೀ ಗದ್ದಲ. 'ಮುಂದಿನ ಸಲ ನಿಮ್ಮ ಸರದಿ' ಎಂದು ಅವರು ನನ್ನ ಹೆಂಡತಿಗೆ ಸಮಾಧಾನ ಹೇಳುತ್ತಾರೆ.

ಇಂಥವರು ಈಗ ಬಡಾವಣೆಗೊಬ್ಬರಂತೆ ಸಿಗುತ್ತಾರೆ. ಗುರುತು ಹಿಡಿಯುವುದು ಸುಲಭ. ಯಾವುದೇ ಹೊಸ ಕೋಣೆಗೆ ಹೋಗಲಿ, ಗಂಡಿನ ಕಡೆಯ ಹಿರಿಯರು ಹೆಣ್ಣಿನ ಮನೆ ಅಳೆಯುವ ಹಾಗೆ ಗೋಡೆ, ನೆಲ, ಪರದೆ ಎಲ್ಲ ಅಳೆದು, ಆಮೇಲೆ ಒಂದು ಸಲ 'ಟಪ್' ಎಂದು ಚಪ್ಪಾಳೆ ತಟ್ಟುತ್ತಾರೆ. ಎದುರುಬದುರು ಬೋಳು ಗೋಡೆಗಳಿದ್ದರೆ ಆ ಸದ್ದು ಟರ್‌ರ್ ಎಂದು ಅತ್ತಿಂದಿತ್ತ ಅಲೆದಾಡುತ್ತದೆ. ಅಂಥ ಮನೆಯವರ ಬಗ್ಗೆ ಇವರಿಗೆ ಗೌರವ ಕಡಿಮೆ. ದೂರದ ನೆಂಟರೊಬ್ಬರ ವೈಕುಂಠ ಸಮಾರಾಧನೆಗೆ ಹೋಗಿದ್ದೆವು. ಕಲ್ಯಾಣಮಂಟಪದ ಊಟದ ಹಾಲ್ ಖಾಲಿಯಿತ್ತು, ಎತ್ತರದ ಸೂರು, ನೆಲದ ತುಂಬ ಗ್ರಾನೈಟು. ಷಡ್ಡಕರಿಗೆ ಕೈ ತಡೆಯಲಿಲ್ಲ, ತಟ್ಟಿಯೇಬಿಟ್ಟರು. ಬಡಿಸುವವರು ಎರಡನೇ ಪಂಕ್ತಿಗೆ ಕರೆದರೆಂದು ಸಾರಿನ ಬಕೆಟ್ ಹಿಡಿದು ಓಡಿಬಂದರು. ಹೋದವರ ಮಗ ನಮ್ಮನ್ನು ನೋಡಿದ ನೋಟವನ್ನು ಇಲ್ಲಿ ವರ್ಣಿಸಲಾರೆ.

ಈ ರೋಗಕ್ಕೆ ಇತಿಹಾಸವೂ ಇದೆ. 1931ರಲ್ಲಿ ಸ್ಟೀರಿಯೊ ಧ್ವನಿಗೆ ಪೇಟೆಂಟ್ ಅರ್ಜಿ ಹಾಕಿದ ಇಂಗ್ಲೆಂಡಿನ ಎಂಜಿನಿಯರ್ ಅಲನ್ ಬ್ಲೂಮ್ಲೈನ್‌ಗೆ ಆ ಯೋಚನೆ ಬಂದದ್ದೇ ಸಿನಿಮಾ ನೋಡುವಾಗ ಎನ್ನುತ್ತಾರೆ. ನಟ ಪರದೆಯ ಒಂದು ಕಡೆ ನಿಂತಿದ್ದರೆ ಅವನ ಮಾತು ಇನ್ನೊಂದು ಕಡೆಯಿಂದ ಬರುತ್ತಿತ್ತಂತೆ. ಆ ಮಹನೀಯ ಅವತ್ತು ಹೆಂಡತಿಯನ್ನೂ ಕರೆದುಕೊಂಡು ಹೋಗಿದ್ದನಂತೆ. ಆಕೆಗೆ ಕತೆ ಎಷ್ಟು ದಕ್ಕಿತೋ, ಚರಿತ್ರೆ ಹೇಳುವುದಿಲ್ಲ. ನಮ್ಮ ಅತ್ತಿಗೆಗೆ, ಅಂದರೆ ಷಡ್ಡಕರ ಹೆಂಡತಿಗೆ, ಈ ಪ್ರಸಂಗ ಹೇಳಿದಾಗ 'ಪಾಪ' ಎಂದರು. ಯಾರಿಗೆ ಎಂದು ಕೇಳಲಿಲ್ಲ.

ಅತ್ತಿಗೆಯ ಕಷ್ಟ ನಿಜವಾದದ್ದು. ಡಿಗ್ರಿಗಳನ್ನೆಲ್ಲ ಲೆಕ್ಕ ಹಾಕಿದವರು ಯಾರೋ, ಅವರು ನಮ್ಮ ಕಡೆಯ ಹಾಲ್ ನೋಡಿದವರಲ್ಲ. ಬೀದಿ ಬಾಗಿಲು, ಅಡುಗೆಮನೆ ಬಾಗಿಲು, ದೇವರಮನೆ ಬಾಗಿಲು, ಎರಡು ಕೋಣೆಗಳ ಬಾಗಿಲು, ಇಷ್ಟೂ ಬಂದು ಸೇರುವ ಜಾಗಕ್ಕೇ ನಾವು ಹಾಲ್ ಎನ್ನುವುದು. ಷಡ್ಡಕರು ಮಗಳ ಹಳೆಯ ಜಾಮೆಟ್ರಿ ಬಾಕ್ಸಿನಿಂದ ಕೋನಮಾಪಕ ತೆಗೆದು, ಗಾರೆಯವರ ಹಾಗೆ ದಾರ ಎಳೆದು, ಬಲಗಡೆ 110 ಡಿಗ್ರಿ ಗುರುತಿಸಿದರೆ ಅದು ಬಂದು ನಿಂತದ್ದು ಅಡುಗೆಮನೆ ಬಾಗಿಲಿನ ಮಧ್ಯಕ್ಕೆ. ಬಾಗಿಲನ್ನೇ ಒಂದಡಿ ಆಚೆಗೆ ಸರಿಸಲು ಎಷ್ಟಾಗುತ್ತದೆ ಎಂದು ಮೇಸ್ತ್ರಿಯನ್ನು ಕೇಳಿದ್ದೂ ಉಂಟು. ಕೊನೆಗೆ 120 ಡಿಗ್ರಿವರೆಗೂ ಹೋಗಬಹುದು ಎಂಬ ವಿನಾಯಿತಿ ಕಣ್ಣಿಗೆ ಬಿದ್ದು ಬಾಗಿಲು ಉಳಿಯಿತು. ನೆಲದ ಮೇಲೆ ಅವರು ಎಳೆದ ಸೀಮೆಸುಣ್ಣದ ಗೆರೆಗಳನ್ನು ಕೆಲಸದವಳು ದಿನವೂ ಒರೆಸುತ್ತಿದ್ದಳು, ಇವರು ದಿನವೂ ಎಳೆಯುತ್ತಿದ್ದರು.

ನನ್ನ ಪಾಲಿನ ಸಂಕಟ ಸಬ್‌ವೂಫರಿನದು. 5.1 ಎನ್ನುತ್ತಾರಲ್ಲ, ಅದರ ಕೊನೆಯ 'ಪಾಯಿಂಟ್ ಒಂದು' ಇದೇ: ಗುಡುಗು, ಡೋಲು, ಭೂಕಂಪಗಳನ್ನು ಮಾತ್ರ ನೋಡಿಕೊಳ್ಳುವ ಕರಿ ಡಬ್ಬ. ಇದರ ದಪ್ಪ ಸದ್ದು ಯಾವ ದಿಕ್ಕಿನಿಂದ ಬರುತ್ತದೆ ಎಂದು ಕಿವಿಗೆ ಗೊತ್ತಾಗುವುದಿಲ್ಲ. ಸುಮಾರು 80 ಹರ್ಟ್ಸಿನಿಂದ ಕೆಳಗಿನದೆಲ್ಲ ಹಾಗೆಯೇ. ಹಾಗಾದರೆ ಎಲ್ಲಾದರೂ ಇಟ್ಟರಾಯಿತು ಎಂದು ನಿಮ್ಮಂತೆ ನಾನೂ ಅಂದೆ. 'ಅಲ್ಲೇ ಇರೋದು ತಮಾಷೆ' ಎಂದರು ಷಡ್ಡಕರು. 40 ಹರ್ಟ್ಸಿನ ಒಂದು ಅಲೆ ಎಂಟೂವರೆ ಮೀಟರ್ ಉದ್ದ, ಅವರ ಹಾಲ್ ಅಷ್ಟಿಲ್ಲ. ಗೋಡೆಗೆ ಬಡಿದು ಹಿಂದಿರುಗುವ ಅಲೆಯೂ ಹೊಸದಾಗಿ ಬರುವ ಅಲೆಯೂ ಸೇರಿ ಕೆಲವು ಕಡೆ ಸದ್ದು ಗುಡ್ಡೆ ಬೀಳುತ್ತದೆ, ಕೆಲವು ಕಡೆ ಮಂಗಮಾಯ. ಡಬ್ಬವನ್ನು ಮನೆಯೆಲ್ಲ ಹೊತ್ತು ತಿರುಗುವ ಬದಲು ಅದನ್ನೇ ಕೂರುವ ಜಾಗದಲ್ಲಿಟ್ಟು ಹಾಡು ಹಾಕಬೇಕು. ಕೇಳುವವನು ನೆಲದ ಮೇಲೆ ಅಂಬೆಗಾಲಿಡುತ್ತ ಹೋಗಬೇಕು. ಎಲ್ಲಿ ಸದ್ದು ತುಂಬಿಕೊಂಡೂ ಬಿಡಿಬಿಡಿಯಾಗಿಯೂ ಕೇಳುತ್ತದೋ ಅದೇ ಡಬ್ಬದ ಜಾಗ. ಇದು ಅವರ ಸ್ವಂತ ಹುಚ್ಚಲ್ಲ. ತಜ್ಞರೆಲ್ಲ ಒಪ್ಪುವ ಪದ್ಧತಿ. ಅದಕ್ಕೆ ಗೌರಿ ಹಬ್ಬದ ದಿನವನ್ನೇ ಆರಿಸಿಕೊಂಡದ್ದು ಮಾತ್ರ ಅವರ ಸ್ವಂತದ್ದು.

ಊಟ ಮುಗಿದಿತ್ತು. ನಾನು ಪಂಚೆಯಲ್ಲಿದ್ದೆ, ಹೊಟ್ಟೆಯಲ್ಲಿ ಒಬ್ಬಟ್ಟಿತ್ತು. 'ನನಗೆ ಮಂಡಿನೋವು ನೋಡಿ' ಎಂದರು ಷಡ್ಡಕರು. ಅಷ್ಟು ಸಾಕಾಯಿತು. ಇಬ್ಬರೂ ಸೇರಿ ಡಬ್ಬವನ್ನು ಎತ್ತಿ ಸೋಫಾದ ಆ ಪೀಠದ ಮೇಲೆ ಕೂರಿಸಿದೆವು. ಮೃದಂಗದಂಥದೇನೋ ದುಮ್ ದುಮ್ ಶುರುವಾಯಿತು. ನಾನು ಪಂಚೆ ಎತ್ತಿ ಕಟ್ಟಿ ಹೊರಟೆ. 'ಕಿವಿ ಕೆಳಗೆ, ಇನ್ನೂ ಕೆಳಗೆ, ಡಬ್ಬದ ಎತ್ತರಕ್ಕೆ ಇರಲಿ' ಎಂದು ಅವರು ಮೇಲಿಂದ ಅಪ್ಪಣೆ ಕೊಡುತ್ತಿದ್ದರು. ಮಕ್ಕಳು ಇದೊಂದು ಆಟವೆಂದು ಬೆನ್ನೇರಿದವು. ದಿವಾನದ ಕೆಳಗೆ ತಲೆ ತೂರಿಸಿದ್ದಾಗ ಬಾಗಿನ ಕೊಡಲು ಪಕ್ಕದ ಮನೆಯವರು ಬಂದರು. ಅವರಿಗೆ ಕಂಡದ್ದು ನನ್ನ ಹಿಂಭಾಗವೊಂದೇ. ನಮ್ಮಿಬ್ಬರ ಅತ್ತೆ ಕೋಣೆಯಿಂದ ಹೊರಬಂದು, 'ಏನು ಹುಡುಕ್ತಿದ್ದೀರಿ ಅಳಿಯಂದ್ರೇ, ಉಂಗುರ ಬಿತ್ತೇ?' ಎಂದು ಕೇಳಿದರು. ಮಾನ ಎಂದು ಹೇಳೋಣವೆನ್ನಿಸಿತು.

ಸಿಕ್ಕಿತು ಜಾಗ. ಷಡ್ಡಕರೇ ಮಂಡಿನೋವು ಮರೆತು ಬಗ್ಗಿ ಕೇಳಿ, 'ಆಹಾ' ಎಂದರು. ಅದು ದೇವರಮನೆ ಹೊಸಿಲಿನ ಮುಂದೆ. ಅತ್ತಿಗೆ ಸೌಟು ಹಿಡಿದೇ ಬಂದರು. 'ಗೌರಮ್ಮನಿಗೆ ಅಡ್ಡ ಆ ಡಬ್ಬ ಇಟ್ರೆ, ನಾನು ನಾಳೆಯಿಂದ ಅಡುಗೆಮನೆಗೆ ಅಡ್ಡ ಮಲಗ್ತೀನಿ' ಎಂದರು. ವಿಜ್ಞಾನ ಅಲ್ಲಿಗೆ ಮುಗಿಯಿತು. ಭಾರದ ವಸ್ತು ನೈಋತ್ಯದಲ್ಲಿರಬೇಕು ಎಂಬ ವಾಸ್ತುವಿನ ಪ್ರಕಾರ ಡಬ್ಬ ನೈಋತ್ಯದ ಮೂಲೆ ಸೇರಿತು. ಮೂಲೆಗಿಟ್ಟರೆ ದಪ್ಪ ಸದ್ದು ಉಬ್ಬುತ್ತದೆ; ಈಗ ಅವರ ಮನೆಯಲ್ಲಿ ಗಂಡಸರ ಮಾತೆಲ್ಲ ಹಂಡೆಯೊಳಗಿಂದ ಬರುತ್ತದೆ. ಡಬ್ಬದ ಮೇಲೆ ಅತ್ತಿಗೆ ತಾವೇ ಹೆಣೆದ ಕ್ರೋಶಾ ಬಟ್ಟೆ ಹಾಸಿ, ಹಿತ್ತಾಳೆಯ ಹೂದಾನಿ ಇಟ್ಟಿದ್ದಾರೆ. ಗುಡುಗು ಬಂದಾಗ ಹೂದಾನಿ ಝೀಂಯ್ ಎನ್ನುತ್ತಿತ್ತು. ಷಡ್ಡಕರು ಸೈಕಲ್ ಟ್ಯೂಬನ್ನು ಬಳೆಯಂತೆ ಕತ್ತರಿಸಿ, ಯಾರಿಗೂ ಕಾಣದ ಹಾಗೆ ಹೂದಾನಿಯ ಬುಡಕ್ಕೆ ಸೇರಿಸಿದ್ದಾರೆ. ಅತ್ತಿಗೆಗೆ ಇದು ಗೊತ್ತು. ಹೂದಾನಿ ತೊಳೆದಾಗಲೆಲ್ಲ ಟ್ಯೂಬನ್ನೂ ತೊಳೆದು, ಇದ್ದಲ್ಲೇ ಇಡುತ್ತಾರೆ.

ಉಳಿದದ್ದನ್ನು ಬೇಗ ಹೇಳುತ್ತೇನೆ. ಪಕ್ಕದ ಗೋಡೆಗೆ ಸದ್ದು ಎಲ್ಲಿ ಬಡಿಯುತ್ತದೆ ಎಂದು ಪತ್ತೆ ಮಾಡಲು ಒಬ್ಬ ಗೋಡೆಗುಂಟ ಕನ್ನಡಿ ಸರಿಸುತ್ತ ಹೋಗಬೇಕು; ಪೀಠದಲ್ಲಿ ಕೂತವನಿಗೆ ಕನ್ನಡಿಯಲ್ಲಿ ಸ್ಪೀಕರ್ ಕಂಡ ಕಡೆ ಏನಾದರೂ ದಪ್ಪನೆಯದನ್ನು ನೇತುಹಾಕಬೇಕು. ಕನ್ನಡಿ ಹಿಡಿದವನು ನಾನು. ನೇತುಬಿದ್ದದ್ದು ಅತ್ತಿಗೆ ಮದುವೆಯಲ್ಲಿ ತಂದ ನವಲಗುಂದದ ಜಮಖಾನ. ಸ್ಪೀಕರುಗಳನ್ನೆಲ್ಲ ನಡೆಸುವ ರಿಸೀವರ್ ಎಂಬ ಯಂತ್ರದ ಮೈಕು ನೆಟ್ಟು ಪ್ರತಿ ಸ್ಪೀಕರಿನ ದೂರ, ಮಟ್ಟ ಅಳೆಯುವ ದಿನ ಮನೆಯಲ್ಲಿ ಯಾರೂ ಕೆಮ್ಮುವಂತಿಲ್ಲ. ಒಂದಡಿ ದಾಟಲು ಸದ್ದಿಗೆ ಒಂದು ಸೆಕೆಂಡಿನ ಸಾವಿರದ ಒಂದು ಭಾಗವೂ ಬೇಡ. ಅದನ್ನೂ ಆ ಯಂತ್ರ ಲೆಕ್ಕಕ್ಕೆ ಹಿಡಿಯುತ್ತದೆ. ಕುಕ್ಕರ್ ಹಿಡಿಯುವುದಿಲ್ಲ. ನಾಲ್ಕು ಸ್ಪೀಕರ್ ಮುಗಿದು ಐದನೆಯದಕ್ಕೆ ಬಂದಾಗ ಕುಕ್ಕರ್ ಕೂಗಿತು, ಗದ್ದಲ ಜಾಸ್ತಿ, ಮತ್ತೆ ಮೊದಲಿಂದ ಮಾಡಿ ಎಂದು ಯಂತ್ರ ಕೈಚೆಲ್ಲಿತು. ಅವತ್ತು ಬೇಳೆ ಬೇಯದ ಸಾರು ಉಂಡೆವು.

ಇಷ್ಟೆಲ್ಲ ಆದಮೇಲೆ ಸಿನಿಮಾ ನೋಡುತ್ತಾರೆಯೇ? ಇಲ್ಲ. 1993ರ 'ಜುರಾಸಿಕ್ ಪಾರ್ಕ್'ನಲ್ಲಿ ಡೈನೋಸಾರ್ ಬರುವ ಮುಂಚೆ ಲೋಟದ ನೀರು ನಡುಗುತ್ತದಲ್ಲ, ಅಷ್ಟು. ಆಮೇಲೆ 'ಕಾಂತಾರ'ದ ಕೊನೆಯ ಕೂಗು, ಅಷ್ಟು. 'ಹಿಂದಿಂದ ಬಂತಾ? ಬೆನ್ನು ಜುಂ ಅಂತಾ?' ಎಂದು ನಮ್ಮ ಮುಖವನ್ನೇ ನೋಡುತ್ತಾರೆ. ಪರದೆಯ ಕಡೆ ತಿರುಗುವುದೂ ಇಲ್ಲ. ಆ ಡೈನೋಸಾರ್ ಕೊನೆಗೆ ಏನಾಯಿತು ಎಂದು ಅವರ ಮನೆಯಲ್ಲಿ ನೋಡಿದ ಯಾರಿಗೂ ಗೊತ್ತಿಲ್ಲ.

ಬೈಯಲು ಕೂತರೆ ಪುಟ ಸಾಲದು. ಆದರೆ ಇವರ ಬ್ಯಾಂಕ್ ನೌಕರಿಯೇ ವರ್ಗಾವರ್ಗಿಯದು, ರಾಯಚೂರಿಂದ ಕಾರವಾರದವರೆಗೆ. ಮದುವೆಗೆ ಮುಂಚೆ ಬಾಡಿಗೆ ರೂಮಿನಲ್ಲಿ ಮಡಕೆಯ ಬಾಯಿಗೆ ಸ್ಪೀಕರ್ ಬೋರಲು ಹಾಕಿ ಟೇಪ್‌ರೆಕಾರ್ಡರಿಗೆ ಸಿಕ್ಕಿಸಿಕೊಂಡು ಕೇಳುತ್ತಿದ್ದರಂತೆ. ಆ ಕಾಲದ ಬ್ರಹ್ಮಚಾರಿಗಳೆಲ್ಲ ಹಾಗೆಯೇ. ಮದುವೆಯಾದ ಮೇಲೂ ಬಾಡಿಗೆ ಮನೆಗಳೇ. ಎಲ್ಲ ಓನರುಗಳದ್ದೂ ಒಂದೇ ಮಾತು: 'ಗೋಡೆಗೆ ಮೊಳೆ ಹೊಡೀಬಾರದು.' ಕ್ಯಾಲೆಂಡರನ್ನು ಕಿಟಕಿಯ ಸರಳಿಗೆ ಕಟ್ಟಿಕೊಂಡೇ ಇವರ ಸರ್ವೀಸು ಮುಗಿಯಿತು. ನಿವೃತ್ತಿಯ ಹಣದಲ್ಲಿ ಸ್ವಂತ ಮನೆ ಕಟ್ಟಿಸಿ ಮೊದಲು ತಂದದ್ದು ಡ್ರಿಲ್ಲಿಂಗ್ ಮೆಷಿನ್ನು. ಸರೌಂಡ್ ಸ್ಪೀಕರಿಗೆ ಮೊದಲ ತೂತು ಕೊರೆದಾಗ ನಾನು ಸ್ಟೂಲು ಹಿಡಿದಿದ್ದೆ. ಉದುರಿದ ಸಿಮೆಂಟಿನ ಪುಡಿಯನ್ನು ಅಂಗೈಗೆ ತೆಗೆದುಕೊಂಡು, 'ಯಾರನ್ನೂ ಕೇಳ್ಬೇಕಾಗಿಲ್ಲ, ಅಲ್ವೇ?' ಎಂದರು. ಅದಾದ ಮೇಲೆ ಕನ್ನಡಿ ಹಿಡಿಯಲು ಕರೆದಾಗ ಇಲ್ಲವೆನ್ನಲು ನನಗೆ ಬಾಯಿ ಬಂದಿಲ್ಲ.

ಇನ್ನೊಂದು ಇದೆ. ಅತ್ತೆಗೆ ಎಂಬತ್ತು ದಾಟಿದೆ, ಕಿವಿ ಮಂದ, ಶ್ರವಣಯಂತ್ರ ಒಲ್ಲೆ ಎನ್ನುತ್ತಾರೆ. ಸಿನಿಮಾದ ಮಾತು ಬಹುಪಾಲು ಬರುವುದು ಟಿವಿಯ ಕೆಳಗಿನ ನಡುವಿನ ಸ್ಪೀಕರಿನಿಂದ. ಅತ್ತೆ ನೋಡುವ ಧಾರಾವಾಹಿಯ ಸದ್ದು ಬರುವುದು ಎಡ, ಬಲ ಎರಡೇ ಚಾನೆಲ್‌ನಲ್ಲಾದರೂ ಅದರೊಳಗಿಂದ ಮಾತನ್ನು ಹೆಕ್ಕಿ ನಡುವಿಗೆ ಕಳಿಸುವ ವಿದ್ಯೆ ರಿಸೀವರಿಗಿದೆ. ಷಡ್ಡಕರು ಆ ಸ್ಪೀಕರಿನ ಮೂತಿಯನ್ನು ಅತ್ತೆಯ ಕಿವಿಯ ಎತ್ತರಕ್ಕೆ ಸರಿಯಾಗಿ ಮೇಲೆತ್ತಿ, ಬುಡಕ್ಕೆ ಬಾಗಿಲಿನ ರಬ್ಬರ್ ತುಂಡು ಕೊಟ್ಟು, ಅದೊಂದನ್ನೇ 3 ಡೆಸಿಬಲ್ ಏರಿಸಿದರು. ಹಿನ್ನೆಲೆಯ ವಯೊಲಿನ್ನು ಹಿಂದೆ ಸರಿಯಿತು, ಸೊಸೆ ಅತ್ತೆಯರ ಜಗಳ ಮುಂದೆ ಬಂತು. ಸಂಜೆ ಏಳರಿಂದ ಒಂಬತ್ತರವರೆಗೆ ಪೀಠ ಅತ್ತೆಯದು. ಮಹಾನುಭಾವರು ಆ ಹೊತ್ತಿನಲ್ಲಿ ಬಾಗಿಲ ಪಕ್ಕದ ಬೆತ್ತದ ಕುರ್ಚಿಯಲ್ಲಿ, ಬಲ ಸರೌಂಡು ನೇರ ಕಿವಿಗೇ ಊದುವ ಜಾಗದಲ್ಲಿ, ಪೇಪರ್ ಓದುತ್ತಾರೆ.

ನನ್ನ ಮನೆಯ ಟಿವಿ ಬಹಳ ತೆಳು, ನೋಡಲು ಚೆಂದ. ಅದರ ಸ್ಪೀಕರುಗಳು ಹಿಂಬದಿಗಿವೆ. 'ನಿಮ್ಮನೆ ಟಿವಿ ಹೇಳೋದನ್ನೆಲ್ಲ ಗೋಡೆಗೆ ಹೇಳತ್ತೆ' ಎಂದರು ಅತ್ತೆ. ಆರು ತಿಂಗಳು ಅಲ್ಲಿ, ಆರು ತಿಂಗಳು ಇಲ್ಲಿ ಎಂಬ ಏರ್ಪಾಡು ಇತ್ತು. ಈಗ ಹನ್ನೆರಡೂ ತಿಂಗಳು ಅಲ್ಲೇ. ಅತ್ತೆ ಬರುತ್ತಿಲ್ಲವೆಂದು ಸಂತೋಷಪಡುವ ಅಳಿಯನೆಂದು ಹೆಂಡತಿ ನನ್ನ ಮೇಲೆ ಆಪಾದನೆ ಹೊರಿಸಿದ್ದಾಳೆ. ಹಾಗಾಗಿ ಮೊನ್ನೆ ಎಸ್.ಪಿ. ರಸ್ತೆಯಲ್ಲಿ ವೈರಿನ ಬೆಲೆ ವಿಚಾರಿಸಿ ಬಂದೆ, ಬರೀ ವಿಚಾರಿಸಿದ್ದು.

ನೀವು ಅವರ ಮನೆಗೆ ಹೋಗುವುದಾದರೆ ಒಳಗೆ ಕಾಲಿಟ್ಟ ತಕ್ಷಣ ನೀರು ಕೇಳಿ ಕುಡಿದುಬಿಡಿ. ಡೈನೋಸಾರ್ ಬಂದ ಮೇಲೆ ಯಾರೂ ಏಳುವಂತಿಲ್ಲ. ಸೂರಿನ ಕಡೆ ಮಾತ್ರ ಅಪ್ಪಿತಪ್ಪಿಯೂ ನೋಡಬೇಡಿ. 2012ರಲ್ಲಿ 'ಬ್ರೇವ್' ಚಿತ್ರದೊಂದಿಗೆ ಡಾಲ್ಬಿ ಅಟ್ಮಾಸ್ ಎಂಬುದು ಬಂದಿದೆ, ಅದರಲ್ಲಿ ಮಳೆ ನೆತ್ತಿಯ ಮೇಲೇ ಸುರಿಯುತ್ತದೆ, ಅದಕ್ಕೆ ಸೂರಿನಲ್ಲಿ ಸ್ಪೀಕರ್ ಬೇಕು. ಷಡ್ಡಕರು ಫ್ಯಾನ್ ಬಿಚ್ಚಿಸಲು ಅತ್ತಿಗೆಯನ್ನು ಒಪ್ಪಿಸಿಯಾಗಿದೆಯಂತೆ. ಏಣಿ ಹಿಡಿಯುವವರು ಬೇಕಾಗಿದ್ದಾರೆ.